ಹನ್ನೆರಡು ಎಕರೆಗೆ 50 ಎಚ್‌ಪಿ ಟ್ರ್ಯಾಕ್ಟರ್ ಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಟ್ರ್ಯಾಕ್ಟರ್ ವಿಷಯವೇ ಜಾಸ್ತಿ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದ ಮೇಲೆ ಬಹಳ ಜನ ಲೆಕ್ಕ ಹಾಕಲು ಕೂತಂತೆ ಕಾಣುತ್ತದೆ. ತೆರಿಗೆ ಬಿಟ್ಟು ಏಳು ಲಕ್ಷ ಬೆಲೆಯ ಗಾಡಿಗೆ 49,000 ರೂಪಾಯಿ ಉಳಿಯುತ್ತದೆ, ಸಣ್ಣ ಮೊತ್ತವೇನಲ್ಲ. ಆದರೆ ಬೆಲೆ ಇಳಿಯಿತು ಅಂತ ಟ್ರ್ಯಾಕ್ಟರ್ ತೆಗೆದುಕೊಳ್ಳುವುದಕ್ಕೂ, ಬೇಕು ಅಂತ ತೆಗೆದುಕೊಳ್ಳುವುದಕ್ಕೂ ವ್ಯತ್ಯಾಸ ಇದೆ.

ಪ್ರಶ್ನೆ: ನಮ್ಮದು ನವಲಗುಂದ ಕಡೆ. 12 ಎಕರೆ ಎರೆ (ಕಪ್ಪು ಮಣ್ಣಿನ) ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಸ್ವಲ್ಪ ಹತ್ತಿ. ಎತ್ತು ಮಾರಿ ನಾಲ್ಕು ವರ್ಷ ಆಯ್ತು. ಬಾಡಿಗೆ ಟ್ರ್ಯಾಕ್ಟರಿಗೆ ಕಾಯ್ದು ಕಾಯ್ದು ಹದ ತಪ್ಪುತ್ತದೆ. ಕೈಯಲ್ಲಿ ಮೂರು ಲಕ್ಷ ಇದೆ, ಆರು ಲಕ್ಷ ಸಾಲ ಮಾಡಬಲ್ಲೆ. 45 ಎಚ್‌ಪಿ ಸಾಕಾ, 50 ಬೇಕಾ? ಯಾವ ಕಂಪನಿ ಒಳ್ಳೆಯದು?

ಕಂಪನಿ ಹೆಸರು ಆಮೇಲೆ ನೋಡೋಣ. ಮೊದಲು ಹೇಳಿ, ನಿಮ್ಮ ಟ್ರ್ಯಾಕ್ಟರ್ ವರ್ಷಕ್ಕೆ ಎಷ್ಟು ಗಂಟೆ ಓಡುತ್ತದೆ? ಈ ಪ್ರಶ್ನೆಯನ್ನು ಶೋರೂಂನಲ್ಲಿ ಯಾರೂ ಕೇಳಲ್ಲ. ನಿಮಗೆ ನೀವೇ ಕೇಳಿಕೊಳ್ಳಬೇಕು.

ಹರಗುವುದು, ಕುಂಟೆ ಹೊಡೆಯುವುದು, ಬಿತ್ತುವುದು, ರಾಶಿ ಸಾಗಿಸುವುದು ಎಲ್ಲ ಸೇರಿ ಎಕರೆಗೆ ವರ್ಷಕ್ಕೆ ಎಂಟು ಗಂಟೆ ಹಿಡಿಯಿರಿ. 12 ಎಕರೆಗೆ ಹತ್ತಿರ ಹತ್ತಿರ 100 ಗಂಟೆ. ಉಳಿದ ದಿನವೆಲ್ಲ ಗಾಡಿ ಶೆಡ್ಡಿನಲ್ಲಿ ನಿಂತಿರುತ್ತದೆ. ನಿಂತಿದ್ದರೂ ಬಡ್ಡಿ ಓಡುತ್ತದೆ ಅಲ್ವಾ?

ಈಗ ಖರ್ಚು. ಕೆಳಗಿನವು ನನ್ನ ಅಂದಾಜು, ನಿಮ್ಮೂರಿನ ದರ ಹಾಕಿ ತಿದ್ದಿಕೊಳ್ಳಿ. ಗಾಡಿ ಮನೆಗೆ ಬರುವಾಗ ಏಳೂವರೆ ಲಕ್ಷ. ಒಂಬತ್ತು ಹಲ್ಲಿನ ಕಲ್ಟಿವೇಟರ್ 40,000. ಬಿತ್ತುವ ಟ್ರ್ಯಾಕ್ಟರ್ ಕೂರಿಗೆ 70,000. ಮಣ್ಣು ಪುಡಿ ಮಾಡುವ ರೋಟಾವೇಟರ್ 1.2 ಲಕ್ಷ. ಟ್ರೇಲರ್ ಎರಡು ಲಕ್ಷ. ಒಟ್ಟು 11.8 ಲಕ್ಷ. ನಿಮ್ಮ ಒಂಬತ್ತು ಲಕ್ಷ ಇಲ್ಲೇ ಸಾಲಲಿಲ್ಲ. ಬಹಳ ಮಂದಿ ಎಡವುವುದು ಇಲ್ಲೇ. ಇದ್ದ ದುಡ್ಡೆಲ್ಲ ಎಂಜಿನ್ನಿಗೆ ಸುರಿದು, ಹಿಂದೆ ಕಟ್ಟಲು ಏನೂ ಇಲ್ಲದೆ ಮತ್ತೆ ಕೈಸಾಲಕ್ಕೆ ಓಡುತ್ತಾರೆ.

ಗಾಡಿ ಹತ್ತು ವರ್ಷ ಇಟ್ಟು ಎರಡೂವರೆ ಲಕ್ಷಕ್ಕೆ ಮಾರಿದಿರಿ ಅನ್ನೋಣ. ವರ್ಷಕ್ಕೆ 50,000 ಸವಕಳಿ. ಅದರಲ್ಲಿ ಕೂತ ದುಡ್ಡಿಗೆ ಸರಾಸರಿ 55,000 ಬಡ್ಡಿ. ವಿಮೆ, ಶೆಡ್ಡು, ಬ್ಯಾಟರಿ ಅಂತ 15,000. ಇಷ್ಟಕ್ಕೇ 1,20,000. ಉಪಕರಣಗಳ ಸವಕಳಿ, ಬಡ್ಡಿ ಇನ್ನೊಂದು 65,000. ಗಾಡಿ ಒಂದು ಗಂಟೆಯೂ ಓಡದಿದ್ದರೂ ವರ್ಷಕ್ಕೆ 1,85,000 ಖರ್ಚು ನಿಂತಿದೆ. ಓಡಿದರೆ ಗಂಟೆಗೆ ಐದು ಲೀಟರ್ ಡೀಸೆಲ್, ಅಂದರೆ ಸುಮಾರು 450 ರೂಪಾಯಿ. ಡ್ರೈವರ್ ಕೂಲಿ, ಆಯಿಲ್, ರಿಪೇರಿ ಸೇರಿ 630 ಅನ್ನಿ. ಅದೇ ಕೆಲಸಕ್ಕೆ ನೀವು ಕೊಡುವ ಬಾಡಿಗೆ ಗಂಟೆಗೆ 1,100 ಇದ್ದರೆ, ಸ್ವಂತ ಗಾಡಿಯಿಂದ ಗಂಟೆಗೆ ಉಳಿಯುವುದು 470. ಈ 470ರಲ್ಲೇ ಆ 1,85,000 ತೀರಬೇಕು. ಭಾಗಿಸಿ ನೋಡಿ, 390 ಗಂಟೆ ಬೇಕು. ನಿಮ್ಮ ಹೊಲದ್ದು ನೂರೇ.

ಇಲ್ಲಿಗೆ ‘ಬೇಡ’ ಅಂತ ಬರೆದು ಮುಗಿಸಬಹುದಿತ್ತು. ಆದರೆ ನೀವು ಹದದ ಮಾತು ಹೇಳಿದ್ದೀರಿ. ಅದು ನಿಜವಾದ ಮಾತು. ಎರೆ ಹೊಲದಲ್ಲಿ ಮಳೆ ನಿಂತ ಮೇಲೆ ಕಡಲೆ ಬಿತ್ತನೆಗೆ ಸಿಗುವುದು ಕೆಲವೇ ದಿನ. ಅವಸರ ಮಾಡಿದರೆ ಗಾಲಿಗೆ ಮಣ್ಣು ಮೆತ್ತುತ್ತದೆ, ತಡ ಮಾಡಿದರೆ ತೇವ ಆರಿ ಹೋಗುತ್ತದೆ. ಹದ ತಪ್ಪಿ ಎಕರೆಗೆ ಒಂದು ಕ್ವಿಂಟಲ್ ಕಡಲೆ ಕಡಿಮೆ ಬಂದರೆ, ಕ್ವಿಂಟಲ್‌ಗೆ 5,500 ಹಿಡಿದರೂ ಹತ್ತು ಎಕರೆಗೆ 55,000 ಹೋಯಿತು. ಅದನ್ನು ಸ್ವಂತ ಟ್ರ್ಯಾಕ್ಟರಿನ ಗಳಿಕೆ ಅಂತಲೇ ಜಮೆ ಮಾಡಿ. ಆಗ 390 ಗಂಟೆ 280ರ ಹತ್ತಿರ ಬರುತ್ತದೆ.

ಇನ್ನೊಂದು ಹೆಜ್ಜೆ ಇಳಿಸೋಣ. ಮೊದಲ ವರ್ಷ ಕಲ್ಟಿವೇಟರ್ ಮತ್ತು ಕೂರಿಗೆ ಮಾತ್ರ ಕೊಳ್ಳಿ. ರೋಟಾವೇಟರ್ ಹಿಂಗಾರಿಗೆ ಒಂದೆರಡು ದಿನದ ಮಾತು, ಹತ್ತಿರದ ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ತನ್ನಿ. ಟ್ರೇಲರ್ ಅಣ್ಣತಮ್ಮಂದಿರ ಹತ್ತಿರವೋ ಪಕ್ಕದವರ ಹತ್ತಿರವೋ ಇದ್ದೇ ಇರುತ್ತದೆ. ಹೀಗೆ ಮಾಡಿದರೆ 8.6 ಲಕ್ಷದಲ್ಲಿ ಕೆಲಸ ಆಗುತ್ತದೆ, ಕೈಯಲ್ಲಿ 40,000 ಉಳಿಯುತ್ತದೆ. ಉಪಕರಣಗಳ ನಿಂತ ಖರ್ಚು 65,000ದಿಂದ ಸುಮಾರು 16,000ಕ್ಕೆ ಇಳಿಯುತ್ತದೆ. ಹದದ 55,000 ಕಳೆದರೆ ತೀರಿಸಬೇಕಾದ ನಿಂತ ಖರ್ಚು ಸುಮಾರು 81,000, ಅಂದರೆ 170 ಗಂಟೆ. ಟ್ರೇಲರ್ ಇಲ್ಲದೆ ನಿಮ್ಮ ಹೊಲದ ಕೆಲಸ 80 ಗಂಟೆ ಅನ್ನಿ, ಹೊರಗಿನದು 90 ಗಂಟೆ ಸಿಕ್ಕರೆ ಲೆಕ್ಕ ಸರಿಹೋಯಿತು. ಹನ್ನೊಂದು ಹನ್ನೆರಡು ಎಕರೆಯ ಬಾಡಿಗೆ ಕೆಲಸ ಅಷ್ಟೇ.

ಒಂದು ತೊಡಕಿದೆ. ನಿಮ್ಮ ಹೊಲಕ್ಕೆ ಹದ ಬಂದ ದಿನವೇ ಪಕ್ಕದವರ ಹೊಲಕ್ಕೂ ಬಂದಿರುತ್ತದೆ. ಬಾಡಿಗೆ ಆಸೆಗೆ ಅವರ ಹೊಲಕ್ಕೆ ಮೊದಲು ಹೋದರೆ ಗಾಡಿ ಕೊಂಡ ಉದ್ದೇಶವೇ ಕೆಟ್ಟಿತು. ಮತ್ತೆ, ಬಾಡಿಗೆ ದುಡ್ಡು ಉದ್ರಿ ನಿಲ್ಲುತ್ತದೆ. ‘ರಾಶಿ ಆದ ಮೇಲೆ ಕೊಡ್ತೀನಿ’ ಅಂದವರ ಪಟ್ಟಿ ನನ್ನ ಡೈರಿಯಲ್ಲಿ ಇನ್ನೂ ಇದೆ.

ಈಗ ಎಚ್‌ಪಿ. ನಿಮಗೆ 42ರಿಂದ 47ರ ಒಳಗಿನದು ಸಾಕು. ಬಾನೆಟ್ ಮೇಲೆ ಬರೆದಿರುವುದು ಎಂಜಿನ್ ಎಚ್‌ಪಿ. ರೋಟಾವೇಟರ್ ತಿರುಗಿಸಲು ಗಾಡಿಯ ಹಿಂದಿನ ತಿರುಗುವ ದಂಡದಲ್ಲಿ ಸಿಗುವುದು ಪಿಟಿಒ ಎಚ್‌ಪಿ, ಅದು ಸಾಮಾನ್ಯವಾಗಿ ಶೇ 85-90ರಷ್ಟು. 45ರ ಗಾಡಿಯಲ್ಲಿ 38-40 ಸಿಕ್ಕರೆ ಸರಿ. ಐದಡಿ ರೋಟಾವೇಟರ್ ಆರಾಮಾಗಿ ಎಳೆಯುತ್ತದೆ. ನಾನು ಒಮ್ಮೆ 39 ಎಚ್‌ಪಿ ಗಾಡಿಗೆ ಆರಡಿಯದನ್ನು ಕಟ್ಟಿದೆ. ಎರೆ ಮಣ್ಣಿನಲ್ಲಿ ಮೊದಲ ಸಾಲಿಗೇ ಎಂಜಿನ್ ಏದುಸಿರು ಬಿಟ್ಟಿತು. ಕೊನೆಗೆ ಆ ರೋಟಾವೇಟರನ್ನು ನಷ್ಟಕ್ಕೆ ಮಾರಿದೆ.

ಎಳೆಯುವ ಕೆಲಸದಲ್ಲಿ ಎಚ್‌ಪಿಗಿಂತ ಗಾಡಿಯ ತೂಕ, ಟೈರಿನ ಹಿಡಿತ ಮುಖ್ಯ. ಗಾಲಿ ಜಾರುತ್ತಿದ್ದರೆ 50 ಎಚ್‌ಪಿ ಇದ್ದೂ ಡೀಸೆಲ್ ಸುಡುತ್ತದೆ, ಹೊಲ ಮುಂದೆ ಸಾಗಲ್ಲ. ಹಿಂದಿನ ಟೈರಿಗೆ ಮುಕ್ಕಾಲು ಭಾಗ ನೀರು ತುಂಬಿಸುವುದು, ಗಾಲಿಗೆ ತೂಕ ಹಾಕುವುದು ಇದಕ್ಕೇ. ಹಿಂದಿನ ಟೈರ್ 13.6-28 ಇದೆಯೋ 14.9-28 ಇದೆಯೋ ಕೇಳಿ. ಎರೆ ಹೊಲಕ್ಕೆ ಅಗಲದ್ದು ಮೇಲು.

ಕಂಪನಿ? ಮಹೀಂದ್ರಾ 575, ಸ್ವರಾಜ್ 744, ಮ್ಯಾಸಿ 241, ಕುಬೋಟಾ 4501, ಎಲ್ಲ ಈ ವರ್ಗದವೇ. ಒಂದು ಕೆಟ್ಟದ್ದು, ಒಂದು ಒಳ್ಳೆಯದು ಅಂತ ನಾನು ಹೇಳಲ್ಲ. ನಿಮ್ಮೂರಿಂದ 20 ಕಿಲೋಮೀಟರ್ ಒಳಗೆ ಯಾರ ಸರ್ವಿಸ್ ಇದೆ, ಊರಿನ ಮೆಕ್ಯಾನಿಕ್ ಯಾವುದನ್ನು ಕಣ್ಣು ಮುಚ್ಚಿ ಬಿಚ್ಚುತ್ತಾನೆ, ಕ್ಲಚ್ ಪ್ಲೇಟು ಅದೇ ದಿನ ಸಿಗುತ್ತದಾ, ಇದನ್ನು ನೋಡಿ. ಬಿತ್ತನೆ ದಿನ ಬಿಡಿಭಾಗಕ್ಕೆ ಹುಬ್ಬಳ್ಳಿ ಬಸ್ಸು ಹತ್ತುವಂತಾಗಬಾರದು. ಡೆಮೊ ನಿಮ್ಮ ಹೊಲದಲ್ಲೇ ಕೊಡಿಸಿ. ಡಾಂಬರು ರಸ್ತೆಯಲ್ಲಿ ಎಲ್ಲ ಟ್ರ್ಯಾಕ್ಟರೂ ಚೆನ್ನಾಗಿಯೇ ಓಡುತ್ತವೆ. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆ ಇದೆ. ಅಲ್ಲಿನ ವರದಿಯಲ್ಲಿ ಪಿಟಿಒ ಎಚ್‌ಪಿ, ಡೀಸೆಲ್ ಬಳಕೆ, ಲಿಫ್ಟ್ ಎತ್ತುವ ತೂಕ ಎಲ್ಲ ಅಳೆದು ಬರೆದಿರುತ್ತಾರೆ. ಆ ಮಾಡೆಲ್ಲಿನ ವರದಿ ತೋರಿಸಿ ಅಂತ ಡೀಲರನ್ನು ಕೇಳಿ.

ಪ್ರಶ್ನೆ: ಒಂದೇ ಕಂಪನಿಯ 49 ಎಚ್‌ಪಿ ಮತ್ತು 55 ಎಚ್‌ಪಿ ಗಾಡಿಗಳ ಬೆಲೆಯಲ್ಲಿ ಅಷ್ಟು ಅಂತರ ಯಾಕೆ? ಆರು ಎಚ್‌ಪಿಗೆ ಇಷ್ಟೊಂದಾ?

ಎಚ್‌ಪಿ ಒಂದೇ ಕಾರಣವಲ್ಲ. 50 ಎಚ್‌ಪಿ ಮೀರಿದ ಟ್ರ್ಯಾಕ್ಟರುಗಳಿಗೆ 2023ರ ಜನವರಿ 1ರಿಂದ ಟ್ರೆಮ್-4 ಅನ್ನುವ ಹೊಗೆ ನಿಯಮ ಬಂದಿದೆ. ಅದಕ್ಕಾಗಿ ಎಂಜಿನ್ನಿನಲ್ಲಿ ಕಾಮನ್ ರೈಲ್ (ಎಲೆಕ್ಟ್ರಾನಿಕ್ ಹಿಡಿತದಲ್ಲಿ ಡೀಸೆಲ್ ಚಿಮ್ಮಿಸುವ ವ್ಯವಸ್ಥೆ), ಸೆನ್ಸರ್ ಎಲ್ಲ ಬಂತು, ಬೆಲೆಯೂ ಏರಿತು. ಆ ಗೆರೆಯ ಕೆಳಗೆ ಉಳಿಯಲೆಂದೇ ಕಂಪನಿಗಳು 49ರ ಆಸುಪಾಸಿನ ಮಾಡೆಲ್ ಬಿಡುತ್ತವೆ. ಏಳಡಿ ರೋಟಾವೇಟರ್ ಓಡಿಸುವವರು, ವರ್ಷಪೂರ್ತಿ ಎರಡು ಟ್ರೇಲರ್ ಕಬ್ಬು ಎಳೆಯುವವರು ಮೇಲಿನದಕ್ಕೆ ಹೋಗಲಿ. ಉಳಿದವರು ಸುಮ್ನೆ ಗೆರೆ ದಾಟಬೇಡಿ. ಸೆನ್ಸರ್ ಕೆಟ್ಟರೆ ಸ್ಪ್ಯಾನರ್ ಹಿಡಿದ ಊರ ಮೆಕ್ಯಾನಿಕ್ ಏನೂ ಮಾಡಲಾರ, ಲ್ಯಾಪ್‌ಟಾಪ್ ತರುವವನು ಬರಬೇಕು.

ಪ್ರಶ್ನೆ: ಗಂಗಾವತಿ ಹತ್ತಿರ ಭತ್ತದ ಗದ್ದೆ. ಫೋರ್ ವೀಲ್ ಡ್ರೈವ್ ಬೇಕಾ?

ಬೇಕು. ಕೆಸರಿನಲ್ಲಿ ಕೇಜ್ ವೀಲ್ (ಕಬ್ಬಿಣದ ಪಟ್ಟಿಗಳ ಗಾಲಿ) ಹಾಕಿ ದಿನಗಟ್ಟಲೆ ಓಡಿಸುವವರಿಗೆ ಜಾಸ್ತಿ ಕೊಟ್ಟ ದುಡ್ಡು ದಂಡವಲ್ಲ. ಒಣ ಬೇಸಾಯದವರಿಗೆ ನಾನು ಇದನ್ನು ಹೇಳುವುದಿಲ್ಲ. ಗದ್ದೆಯವರು ಆಯಿಲ್ ಬ್ರೇಕ್ (ಎಣ್ಣೆಯಲ್ಲಿ ಮುಳುಗಿರುವ ಬ್ರೇಕ್) ಇರುವುದನ್ನೇ ತೆಗೆದುಕೊಳ್ಳಿ.

ಪ್ರಶ್ನೆ: ಶೋರೂಂನವರು ಅಲ್ಲೇ ಫೈನಾನ್ಸ್ ಮಾಡಿಸಿ ಎರಡೇ ದಿನದಲ್ಲಿ ಗಾಡಿ ಕೊಡುತ್ತೇವೆ ಅಂತಾರೆ. ಬ್ಯಾಂಕಿಗೆ ಹೋದರೆ ತಿಂಗಳು ಅಲೆಸುತ್ತಾರೆ. ಏನು ಮಾಡಲಿ?

ಅಲೆಯಿರಿ. ಆ ತಿಂಗಳ ಕೂಲಿ ಎಷ್ಟು ಬೀಳುತ್ತದೆ ನೋಡಿ. ಮೇಲಿನ ನವಲಗುಂದದವರ ಆರು ಲಕ್ಷವನ್ನೇ ತೆಗೆದುಕೊಳ್ಳೋಣ. ಐದು ವರ್ಷ, ಆರು ತಿಂಗಳಿಗೊಂದು ಕಂತು. ಶೇ 12 ಬಡ್ಡಿಯಾದರೆ ಕಂತು ಸುಮಾರು 81,500. ಶೇ 16 ಆದರೆ 89,400. ಹತ್ತು ಕಂತಿಗೆ 79,000 ವ್ಯತ್ಯಾಸ. ಒಂದು ಕೂರಿಗೆಯೇ ಬಂತು!

ಅದಕ್ಕೂ ಮೊದಲು ನಿಮ್ಮ ತಾಲ್ಲೂಕಿನ ಪಿಕಾರ್ಡ್ ಬ್ಯಾಂಕಿನಲ್ಲಿ (ರೈತರ ಸಹಕಾರಿ ಬ್ಯಾಂಕು) ಒಮ್ಮೆ ವಿಚಾರಿಸಿ. ಸಹಕಾರ ಸಂಸ್ಥೆಗಳ ಮಧ್ಯಮಾವಧಿ, ದೀರ್ಘಾವಧಿ ಕೃಷಿ ಸಾಲಕ್ಕೆ ಶೇ 3ರ ಬಡ್ಡಿ ಯೋಜನೆ ಇದೆ. 2023-24ರ ರಾಜ್ಯ ಬಜೆಟ್‌ನಲ್ಲಿ ಅದರ ಮಿತಿಯನ್ನು 10 ಲಕ್ಷದಿಂದ 15 ಲಕ್ಷಕ್ಕೆ ಏರಿಸಲಾಯಿತು. ಕಂತು ಸರಿಯಾದ ದಿನಕ್ಕೆ ಕಟ್ಟಿದವರಿಗೆ ಮಾತ್ರ ಈ ಬಡ್ಡಿ. ಸದಸ್ಯತ್ವ, ಜಮೀನಿನ ಕಾಗದ ಅಂತ ಓಡಾಟ ಇದ್ದೇ ಇದೆ.

ಎಲ್ಲಿ ಸಾಲ ಮಾಡಿದರೂ ಕೆಲವು ಮಾತು ಬಾಯಿಬಿಟ್ಟು ಕೇಳಿ. ಬಡ್ಡಿ ಫ್ಲಾಟ್ ರೇಟಾ, ಅಂದರೆ ಕೊನೆವರೆಗೂ ಮೊದಲಿನ ಪೂರ್ತಿ ಸಾಲದ ಮೇಲಾ, ಉಳಿದ ಅಸಲಿನ ಮೇಲಾ? ‘ಶೇ 9 ಫ್ಲಾಟ್’ ಅಂದರೆ ಕೇಳಲು ಹಗುರ, ಕಟ್ಟುವಾಗ ಶೇ 15ರ ಆಸುಪಾಸು ಬೀಳುತ್ತದೆ. ಕಂತು ನಿಮ್ಮ ಫಸಲಿನ ದುಡ್ಡು ಬರುವ ತಿಂಗಳಿಗೆ ಹೊಂದುತ್ತದಾ? ಕಡಲೆ ಮಾರುವವರು ಮಾರ್ಚ್-ಏಪ್ರಿಲ್‌ಗೆ ಕೇಳಿ, ಸೋಯಾ ಬೆಳೆಯುವವರು ನವೆಂಬರ್‌ಗೆ ಕೇಳಿ. ಜಮೀನು ಅಡವಿಟ್ಟರೆ ಪಹಣಿಯ 11ನೇ ಕಲಂನಲ್ಲಿ ಬೋಜಾ (ಸಾಲದ ನಮೂದು) ಕೂರುತ್ತದೆ. ಸಾಲ ತೀರಿದ ಮೇಲೆ ಅದನ್ನು ತೆಗೆಸುವುದೂ ನಿಮ್ಮ ಕೆಲಸವೇ, ತಾನಾಗಿ ಹೋಗುತ್ತದೆ ಅಂತ ಕೂರಬೇಡಿ.

ಇದೇ ಪತ್ರದಲ್ಲಿ ಸಹಾಯಧನದ ಬಗ್ಗೆಯೂ ಕೇಳಿದ್ದಾರೆ. ಕೃಷಿ ಇಲಾಖೆಯ ಯಾಂತ್ರೀಕರಣ ಯೋಜನೆಯ ನೆರವು ನಮ್ಮ ರಾಜ್ಯದಲ್ಲಿ ಮಿನಿ ಟ್ರ್ಯಾಕ್ಟರ್ ಮತ್ತು ರೋಟಾವೇಟರ್, ಕೂರಿಗೆಯಂಥ ಉಪಕರಣಗಳಿಗೆ. 45 ಎಚ್‌ಪಿ ಗಾಡಿಗೆ ಅದನ್ನು ನಂಬಿಕೊಂಡು ಬಜೆಟ್ ಹಾಕಬೇಡಿ. ಉಪಕರಣಕ್ಕೆ ಬೇಕಿದ್ದರೆ ಎಫ್‌ಐಡಿ (ರೈತರ ಗುರುತಿನ) ಸಂಖ್ಯೆ, ಪಹಣಿ, ಆಧಾರ್ ಹಿಡಿದು ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ಅರ್ಜಿ ಕೊಡಿ. ಮಂಜೂರಾತಿ ಬರುವ ಮುಂಚೆ ಕೊಂಡುಬಿಡಬೇಡಿ.

ಪ್ರಶ್ನೆ: ಸೊರಬದಲ್ಲಿ ನಾಲ್ಕು ಎಕರೆ ಅಡಿಕೆ ತೋಟ, ಒಂದೆಕರೆ ಗದ್ದೆ. ಮಗ 45 ಎಚ್‌ಪಿ ಬೇಕು ಅಂತಾನೆ.

ಮಗನನ್ನು ಟೇಪು ಹಿಡಿದು ತೋಟಕ್ಕೆ ಕಳಿಸಿ. ಎರಡು ಸಾಲಿನ ನಡುವೆ ಎಷ್ಟಡಿ ಜಾಗ ಇದೆ ಅಂತ ಅಳೆದುಕೊಂಡು ಬರಲಿ. ಮಿನಿ ಟ್ರ್ಯಾಕ್ಟರೇ ಕಷ್ಟದಲ್ಲಿ ತಿರುಗುವ ಕಡೆ 45ರದ್ದು ಅಂಗಳದಲ್ಲೇ ನಿಲ್ಲುತ್ತದೆ.

ಪ್ರಶ್ನೆ: ಹೊಸದಕ್ಕೆ ಶಕ್ತಿ ಇಲ್ಲ. ಆರು ವರ್ಷ ಹಳೆಯ 47 ಎಚ್‌ಪಿ ಗಾಡಿ ಮೂರೂವರೆ ಲಕ್ಷಕ್ಕೆ ಬರುತ್ತಿದೆ. ಮೀಟರಿನಲ್ಲಿ 2,100 ಗಂಟೆ ತೋರಿಸುತ್ತದೆ. ಕೊಳ್ಳಬಹುದಾ?

ನಿಂತ ಖರ್ಚು ಕಡಿಮೆ ಅನ್ನುವ ಕಾರಣಕ್ಕೆ ಕಡಿಮೆ ಎಕರೆಯವರಿಗೆ ಹಳೆಯದೇ ವಾಸಿ ಅನ್ನುವವನು ನಾನು. ಆದರೆ ಮೀಟರನ್ನು ನಂಬಬೇಡಿ, ಅದನ್ನು ಬದಲಿಸುವುದು ದೊಡ್ಡ ಕೆಲಸವಲ್ಲ. ಕ್ಲಚ್ ಪೆಡಲ್ ಸವೆದಿದೆಯಾ, ಉಪಕರಣ ಕಟ್ಟುವ ಹಿಂದಿನ ಲಿಂಕಿನಲ್ಲಿ ಪಿನ್ನಿನ ತೂತು ಅಗಲ ಆಗಿದೆಯಾ ನೋಡಿ. ಇವು ಸುಳ್ಳು ಹೇಳಲ್ಲ.

ಬೆಳಿಗ್ಗೆ ಹೇಳದೆ ಹೋಗಿ. ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಆಗಲೇ ಒಮ್ಮೆ ಸ್ಟಾರ್ಟ್ ಮಾಡಿದ್ದಾರೆ ಅಂತ ಅರ್ಥ. ತಣ್ಣಗಿರುವ ಎಂಜಿನ್ ಎಷ್ಟು ಬೇಗ ಹಿಡಿಯುತ್ತದೆ ನೋಡಬೇಕು. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಸುಡುತ್ತಿದೆ. ಕಲ್ಟಿವೇಟರ್ ಕಟ್ಟಿಸಿ ಮೇಲೆ ಎತ್ತಿಸಿ, ಎಂಜಿನ್ ಬಂದ್ ಮಾಡಿ, ಚಹಾ ಕುಡಿದು ಬನ್ನಿ. ಅಷ್ಟರಲ್ಲಿ ನೆಲಕ್ಕೆ ಇಳಿದಿದ್ದರೆ ಹೈಡ್ರಾಲಿಕ್ ಕೆಲಸ ಇದೆ. ಆ ಖರ್ಚನ್ನು ಬೆಲೆಯಲ್ಲಿ ಮುರಿಸಿ. ಟೈರು ಬೋಳಾಗಿದ್ದರೆ ಅದನ್ನೂ ಮುರಿಸಿ.

ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಇನ್ನೂ ಇದೆಯಾ ಅಂತ ನೋಡಿ. ಇದ್ದರೆ ಅವರ ಎನ್‌ಒಸಿ ಮತ್ತು ಸಹಿ ಮಾಡಿದ ಫಾರಂ 35 (ಆರ್‌ಸಿಯಿಂದ ಅವರ ಹೆಸರು ತೆಗೆಸುವ ಅರ್ಜಿ) ಕೈಗೆ ಬರುವ ತನಕ ಸ್ವಲ್ಪ ಮುಂಗಡ ಬಿಟ್ಟು ಬೇರೆ ದುಡ್ಡು ಕೊಡಬೇಡಿ. ಟ್ರೇಲರ್ ಜೊತೆಗೆ ಕೊಡುತ್ತಿದ್ದರೆ ಅದಕ್ಕೆ ಬೇರೆ ನೋಂದಣಿ, ಬೇರೆ ವಿಮೆ ಇದೆಯಾ ಅಂತಲೂ ಕೇಳಿ.