ಕಾರಿನಲ್ಲೇ ಬರುವ ನ್ಯಾವಿಗೇಷನ್ ಬೇಕಾ, ಗಾಜಿಗೆ ಅಂಟಿಸುವ ಜಿಪಿಎಸ್ ಸಾಕಾ?

ಪ್ರಶ್ನೆ: ಹೊಸ ಕಾರು ತೆಗೆದುಕೊಳ್ಳುತ್ತಿದ್ದೇವೆ. ಮೇಲಿನ ಮಾದರಿಯಲ್ಲಿ ನ್ಯಾವಿಗೇಷನ್ ಕಂಪನಿಯಿಂದಲೇ ಬರುತ್ತದೆ. ಅದರ ಕೆಳಗಿನದರಲ್ಲಿ ಟಚ್‌ಸ್ಕ್ರೀನ್ ಇದೆ, ಮ್ಯಾಪ್ ಇಲ್ಲ, ಫೋನ್ ಜೋಡಿಸಿಕೊಳ್ಳಬೇಕು. ಬೆಲೆಯಲ್ಲಿ ವ್ಯತ್ಯಾಸ ಸಣ್ಣದಲ್ಲ. ಗಾಜಿಗೆ ಅಂಟಿಸುವ ಜಿಪಿಎಸ್ ಸಾಧನ ಒಂದಿದ್ದರೆ ಸಾಕು, ಕಾರು ಬದಲಿಸಿದರೂ ಅದು ನಮ್ಮ ಜೊತೆಗೇ ಇರುತ್ತದೆ ಅಂತ ತಮ್ಮ ಹೇಳುತ್ತಾನೆ. ನಾವು ದೂರದ ಪ್ರಯಾಣ ಜಾಸ್ತಿ ಮಾಡುತ್ತೇವೆ, ನೆಟ್‌ವರ್ಕ್ ಸಿಗದ ಗುಡ್ಡಗಾಡಿಗೂ ಹೋಗುತ್ತೇವೆ. ಯಾವುದು ಸರಿ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಬರೀ ಮ್ಯಾಪ್‌ಗೋಸ್ಕರ ಮೇಲಿನ ಮಾದರಿಗೆ ಹೋಗಬೇಡಿ. ಕಾರಿನಲ್ಲಿ ಒಳ್ಳೆಯ ಪರದೆ ಇರಲಿ, ಒಳ್ಳೆಯ ಆಂಟೆನಾ ಇರಲಿ. ಮ್ಯಾಪ್ ಮಾತ್ರ ಯಾವಾಗ ಬೇಕಾದರೂ ಬದಲಿಸುವ ಹಾಗಿರಬೇಕು. ಕಾರು ಹತ್ತು ಹದಿನೈದು ವರ್ಷ ಓಡುತ್ತದೆ, ಮ್ಯಾಪ್ ಎರಡು ಮೂರು ವರ್ಷಕ್ಕೇ ಹಳೆಯದಾಗುತ್ತದೆ. ಹೊಸ ಬೈಪಾಸ್ ಬರುತ್ತದೆ. ಎರಡೂ ಕಡೆ ಓಡುತ್ತಿದ್ದ ರಸ್ತೆ ಒನ್‌ವೇ ಆಗುತ್ತದೆ. ಇದ್ದ ತಿರುವು ಮುಚ್ಚಿಹೋಗುತ್ತದೆ. ಕಾರಿನೊಳಗೆ ಕೂತಿರುವ ಮ್ಯಾಪ್‌ಗೆ ಇದನ್ನೆಲ್ಲ ಯಾರಾದರೂ ತಿಳಿಸಿದರೆ ತಾನೇ ಗೊತ್ತಾಗುವುದು?

ಹಾಗಂತ ಕಂಪನಿಯ ನ್ಯಾವಿಗೇಷನ್ ದುಡ್ಡು ದಂಡ ಅಂತಲ್ಲ. ಅದರ ಬಲ ಬೇರೆ ಕಡೆ ಇದೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿಂದ ಹೊರಟ ಸಿಗ್ನಲ್ ನಮ್ಮನ್ನು ಮುಟ್ಟುವಷ್ಟರಲ್ಲಿ ತೀರಾ ಸೊರಗಿರುತ್ತದೆ. ನಾವೆಲ್ಲಿದ್ದೇವೆ ಅಂತ ಲೆಕ್ಕ ಹಾಕಲು ಕನಿಷ್ಠ ನಾಲ್ಕು ಉಪಗ್ರಹ ಬೇಕು. ಮೂರು ಜಾಗ ಹೇಳುವುದಕ್ಕೆ, ನಾಲ್ಕನೆಯದು ನಮ್ಮ ರಿಸೀವರ್‌ನ ಗಡಿಯಾರದ ತಪ್ಪು ತಿದ್ದುವುದಕ್ಕೆ. ಕಾರಿನ ಚಾವಣಿ ಮೇಲಿರುವ ಆಂಟೆನಾಗೆ ಇಡೀ ಆಕಾಶ ಕಾಣುತ್ತದೆ. ಗಾಜಿನ ಒಳಗಿರುವ ಫೋನಿಗೋ ಪುಟ್ಟ ಸಾಧನಕ್ಕೋ ಅರ್ಧ ಆಕಾಶವನ್ನು ಕಾರಿನ ತಗಡೇ ಮರೆಮಾಡುತ್ತದೆ. ಶಾಖ ತಡೆಯಲೆಂದು ಗಾಜಿನಲ್ಲಿ ಲೋಹದ ಪದರ ಇದ್ದರಂತೂ ಇನ್ನೂ ಕಷ್ಟ.

ಸುರಂಗದೊಳಗೆ ಹೋದಾಗ ವ್ಯತ್ಯಾಸ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿ ಉಪಗ್ರಹ ಯಾರಿಗೂ ಕಾಣುವುದಿಲ್ಲ. ಆದರೆ ಕಾರಿನ ಸಿಸ್ಟಮ್‌ಗೆ ಚಕ್ರ ಎಷ್ಟು ಸುತ್ತಿತು ಅಂತ ಗೊತ್ತು, ಕಾರು ಎತ್ತ ತಿರುಗಿತು ಅಂತ ಗೈರೊಸ್ಕೋಪ್ ಹೇಳುತ್ತದೆ. ಅವೆರಡನ್ನೂ ಕೂಡಿಸಿ ಬಾಣವನ್ನು ಮುಂದಕ್ಕೆ ನಡೆಸುತ್ತದೆ. ಸುರಂಗದೊಳಗೇ ದಾರಿ ಕವಲಾದರೂ ಸರಿಯಾಗಿ ಹೇಳುತ್ತದೆ. ಫೋನಿನಲ್ಲೂ ಗೈರೊಸ್ಕೋಪ್ ಇದೆ, ಆದರೆ ಚಕ್ರದ ಲೆಕ್ಕ ಅದಕ್ಕೆ ತಾನಾಗಿ ಸಿಗುವುದಿಲ್ಲ. ಈ ಉಪಾಯ ಉಪಗ್ರಹಕ್ಕಿಂತಲೂ ಹಳೆಯದು ಅನ್ನುವುದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ. 1981ರಲ್ಲಿ ಹೋಂಡಾ ಕಂಪನಿ ತಂದ ಎಲೆಕ್ಟ್ರೋ ಗೈರೊಕೇಟರ್ ಅನ್ನುವ ಕಾರ್ ನ್ಯಾವಿಗೇಷನ್ ಸಾಧನದಲ್ಲಿ ಉಪಗ್ರಹದ ಸುದ್ದಿಯೇ ಇರಲಿಲ್ಲ. ಪಾರದರ್ಶಕ ಹಾಳೆಯ ಮ್ಯಾಪನ್ನು ಪರದೆ ಮುಂದೆ ಇಟ್ಟುಕೊಂಡರೆ, ಚಕ್ರದ ಸುತ್ತು ಮತ್ತು ತಿರುವಿನ ಲೆಕ್ಕದಲ್ಲಿ ಚುಕ್ಕಿ ಚಲಿಸುತ್ತಿತ್ತು. ಕಾರಿನೊಳಗೇ ಜೋಡಿಸಿದ ಜಿಪಿಎಸ್ ಬಂದದ್ದು 1990ರಲ್ಲಿ, ಮಾಜ್ದಾ ಕಂಪನಿಯ ಯೂನೊಸ್ ಕಾಸ್ಮೊ ಕಾರಿನಲ್ಲಿ.

ಈಗ ನಿಮ್ಮ ಕೆಳಗಿನ ಮಾದರಿಗೆ ಬರೋಣ. ಫೋನಿನ ಮ್ಯಾಪನ್ನು ಕಾರಿನ ಪರದೆಯಲ್ಲಿ ತೋರಿಸುವ ಕಾರ್‌ಪ್ಲೇ (ಐಫೋನಿಗೆ) ಅಥವಾ ಆಂಡ್ರಾಯ್ಡ್ ಆಟೊ (ಆಂಡ್ರಾಯ್ಡ್ ಫೋನಿಗೆ) ಮೂಲಕ ಫೋನ್ ಜೋಡಿಸಿದಾಗ, ಎಷ್ಟೋ ಕಾರುಗಳು ತಮ್ಮ ಆಂಟೆನಾ ಮತ್ತು ಚಕ್ರದ ಮಾಹಿತಿಯನ್ನು ಫೋನಿಗೆ ಕೊಡುತ್ತವೆ. ಹಾಗಿದ್ದರೆ ನಿಮಗೆ ಎರಡೂ ಸಿಕ್ಕಿತು. ಮ್ಯಾಪ್ ಫೋನಿನದು, ಯಾವಾಗಲೂ ಹೊಸದು. ಜಾಗದ ಲೆಕ್ಕ ಕಾರಿನದು. ಆದರೆ ಕೆಲವು ಕೆಳಗಿನ ಮಾದರಿಗಳಲ್ಲಿ ಜಿಪಿಎಸ್ ಆಂಟೆನಾವನ್ನೇ ಬಿಟ್ಟಿರುತ್ತಾರೆ. ಶೋರೂಮಿನಲ್ಲಿ "ನ್ಯಾವಿಗೇಷನ್ ಇದೆಯಾ" ಅಂತ ಕೇಳಿದರೆ "ಇದೆ ಸಾರ್, ಫೋನ್ ಕನೆಕ್ಟ್ ಮಾಡಿ" ಅನ್ನುತ್ತಾರೆ. ಆ ಪ್ರಶ್ನೆ ಸಾಲದು. "ಈ ಮಾದರಿಯಲ್ಲಿ ಕಾರಿನದೇ ಜಿಪಿಎಸ್ ರಿಸೀವರ್ ಇದೆಯಾ, ಫೋನ್ ಜೋಡಿಸಿದಾಗ ಅದು ಕೆಲಸ ಮಾಡುತ್ತದಾ" ಅಂತ ಕೇಳಿ.

ಮೇಲಿನ ಮಾದರಿಯೇ ಇಷ್ಟವಾಗಿದ್ದರೆ ಟೆಸ್ಟ್ ಡ್ರೈವ್‌ನಲ್ಲಿ ಹಾಡು ಕೇಳುವ ಬದಲು ಮ್ಯಾಪ್ ನೋಡಿ. ಸೆಟ್ಟಿಂಗ್ಸ್‌ಗೆ ಹೋಗಿ ಮ್ಯಾಪ್‌ನ ಆವೃತ್ತಿ ಯಾವ ವರ್ಷದ್ದು ನೋಡಿ. ಹೊಸ ಕಾರಿನಲ್ಲೂ ಹಳೆ ಮ್ಯಾಪ್ ಇರಬಹುದು. ಇತ್ತೀಚೆಗೆ ತೆರೆದ, ನಿಮಗೆ ಗೊತ್ತಿರುವ ರಸ್ತೆಯೊಂದನ್ನು ಹುಡುಕಿ. ಬೇಕಂತಲೇ ಒಂದು ತಿರುವು ತಪ್ಪಿಸಿ, ಹೊಸ ದಾರಿ ಹೇಳಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಗಮನಿಸಿ. ಅಷ್ಟರಲ್ಲಿ ಮುಂದಿನ ತಿರುವೂ ದಾಟಿದ್ದರೆ, ದಟ್ಟ ಊರಿನೊಳಗೆ ಅದು ನಿಮಗೆ ಕೆಲಸಕ್ಕೆ ಬರುವುದಿಲ್ಲ. ಆಮೇಲೆ ಅಪ್‌ಡೇಟ್ ವಿಚಾರ. ಎಷ್ಟು ವರ್ಷ ಉಚಿತ? ತಾನಾಗಿ ಬರುತ್ತದಾ, ಯುಎಸ್‌ಬಿಯಲ್ಲಿ ಹಾಕಿಕೊಳ್ಳಬೇಕಾ, ಸರ್ವಿಸ್ ಸೆಂಟರ್‌ಗೇ ಹೋಗಬೇಕಾ? ಉಚಿತ ಅವಧಿ ಮುಗಿದ ಮೇಲೆ ಚಂದಾ ಎಷ್ಟು? ಬಾಯಿಮಾತು ಬೇಡ, ಬರಹದಲ್ಲಿ ತೆಗೆದುಕೊಳ್ಳಿ.

ಕಾರಿನೊಳಗಿನ ಸಿಮ್‌ನಿಂದ ನಡೆಯುವ ಸೌಲಭ್ಯಗಳಿಗೂ ಆಯಸ್ಸು ಇದೆ. ಅಮೆರಿಕದಲ್ಲಿ 2022ರಲ್ಲಿ 3ಜಿ ನೆಟ್‌ವರ್ಕ್‌ಗಳನ್ನು ಮುಚ್ಚಿದಾಗ, ಅದನ್ನೇ ನಂಬಿದ್ದ ಎಷ್ಟೋ ಕಾರುಗಳ ಆನ್‌ಲೈನ್ ಸೌಲಭ್ಯ ನಿಂತುಹೋಯಿತು. ಕಾರು ಚೆನ್ನಾಗಿಯೇ ಓಡುತ್ತಿತ್ತು. ಫೋನ್ ಹಳೆಯದಾದರೆ ಬದಲಿಸುತ್ತೀರಿ, ಕಾರಿನೊಳಗೆ ನೆಟ್‌ವರ್ಕ್ ಹಿಡಿಯುವ ಮೋಡೆಮ್ ಬದಲಿಸುವುದು ಅಷ್ಟು ಸುಲಭವಲ್ಲ.

ಇನ್ನು ನಿಮ್ಮ ತಮ್ಮನ ಮಾತು. ಅಂಟಿಸುವ ಸಾಧನದ ಕಾಲ ಮುಗಿಯಿತು ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಗಾರ್ಮಿನ್, ಟಾಮ್‌ಟಾಮ್ ತರದ ಸಾಧನಗಳಲ್ಲಿ ಇಡೀ ಮ್ಯಾಪ್ ಒಳಗೇ ಇರುತ್ತದೆ, ನೆಟ್‌ವರ್ಕ್ ಬೇಕಿಲ್ಲ. ನಡುವೆ ಫೋನ್ ಕರೆ ಬಂದು ದಾರಿ ಮರೆಯಾಗುವುದಿಲ್ಲ. ಬೇರೆ ಬೇರೆ ಕಾರು ಓಡಿಸುವವರಿಗೆ, ಲಾರಿಯವರಿಗೆ ಇದು ನಿಜಕ್ಕೂ ಒಳ್ಳೆಯದು. ಲಾರಿಗೆಂದೇ ಮಾಡಿದ ಸಾಧನದಲ್ಲಿ ವಾಹನದ ಎತ್ತರ, ತೂಕ ಹಾಕಿದರೆ ತಗ್ಗು ಸೇತುವೆಯ ದಾರಿ ಬಿಟ್ಟು ಬೇರೆ ದಾರಿ ಹೇಳುತ್ತದೆ. ಸಾಮಾನ್ಯ ಫೋನ್ ಮ್ಯಾಪ್‌ಗೆ ಅದು ಗೊತ್ತಿಲ್ಲ. ಒಂದು ಎಚ್ಚರ: ಡಬ್ಬದ ಮೇಲೆ "ಲೈಫ್‌ಟೈಮ್ ಮ್ಯಾಪ್" ಅಂತ ಇದ್ದರೆ ಅದು ನಿಮ್ಮ ಲೈಫ್‌ಟೈಮ್ ಅಲ್ಲ. ಆ ಸಾಧನಕ್ಕೆ ಕಂಪನಿ ಬೆಂಬಲ ಕೊಡುವವರೆಗೆ ಮಾತ್ರ. ಹಾಗೆಯೇ ಎಷ್ಟೋ ಸಾಧನಗಳಿಗೆ ಟ್ರಾಫಿಕ್ ಮಾಹಿತಿ ಬೇಕೆಂದರೆ ಕೊನೆಗೆ ಫೋನಿನ ಡೇಟಾವನ್ನೇ ಕೊಡಬೇಕು.

ಗುಡ್ಡಗಾಡಿನ ಚಿಂತೆಗೆ ಹೊಸ ಸಾಧನ ಬೇಡ. ನೆಟ್‌ವರ್ಕ್ ಹೋದರೆ ಜಿಪಿಎಸ್ ಹೋಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ, ಅದು ಹಾಗಲ್ಲ. ನಿಮ್ಮ ಫೋನ್ ಉಪಗ್ರಹದ ಸಿಗ್ನಲ್ ಕೇಳಿಸಿಕೊಳ್ಳುತ್ತದೆ ಅಷ್ಟೆ, ಅದಕ್ಕೆ ಸಿಮ್ ಕೂಡ ಬೇಕಿಲ್ಲ. ನೆಟ್‌ವರ್ಕ್ ಹೋದಾಗ ಹೋಗುವುದು ಮ್ಯಾಪ್‌ನ ಚಿತ್ರ ಮತ್ತು ಟ್ರಾಫಿಕ್. ಹೊರಡುವ ಮೊದಲೇ ಗೂಗಲ್ ಮ್ಯಾಪ್ಸ್‌ನಲ್ಲಿ ಆ ಪ್ರದೇಶವನ್ನು ಡೌನ್‌ಲೋಡ್ ಮಾಡಿಕೊಳ್ಳಿ. ಜನರೇ ಸೇರಿ ಮಾಡುವ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಉಚಿತ ಮ್ಯಾಪನ್ನು ಬಳಸುವ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಎಸ್‌ಎಂಅಂಡ್ ಆ್ಯಪ್ ಕೂಡ ಒಂದು ಇಟ್ಟುಕೊಂಡಿರಿ. ಕಾಡುದಾರಿ, ಕಾಲುದಾರಿ ಅದರಲ್ಲಿ ಎಷ್ಟೋ ಕಡೆ ಜಾಸ್ತಿ ಸಿಗುತ್ತವೆ. ಮತ್ತೆ, ನೆಟ್‌ವರ್ಕ್ ಇರುವಾಗಲೇ ನ್ಯಾವಿಗೇಷನ್ ಶುರು ಮಾಡಿ. ಯಾವ ಉಪಗ್ರಹ ಎಲ್ಲಿದೆ ಅನ್ನುವ ವಿವರ ಫೋನಿಗೆ ಇಂಟರ್ನೆಟ್‌ನಿಂದ ಬೇಗ ಸಿಗುತ್ತದೆ. ಇಲ್ಲದಿದ್ದರೆ ಒಂದೊಂದು ಉಪಗ್ರಹದಿಂದ ಸುಮಾರು 30 ಸೆಕೆಂಡ್ ಕೇಳಿಸಿಕೊಳ್ಳಬೇಕು, ಎಲ್ಲ ಉಪಗ್ರಹಗಳ ಪೂರ್ತಿ ಪಟ್ಟಿ ಬರಲು 12.5 ನಿಮಿಷ ಬೇಕು.

ಹಾಗಾಗಿ ನಿಮಗೆ ನನ್ನ ಸಲಹೆ ಕೆಳಗಿನ ಮಾದರಿ, ಅದರಲ್ಲಿ ಆಂಟೆನಾ ಇದ್ದರೆ. ಮೇಲಿನದರಲ್ಲಿ ಏರ್‌ಬ್ಯಾಗ್ ಅಥವಾ ಬೇರೆ ಸುರಕ್ಷತೆ ಜಾಸ್ತಿ ಇದ್ದರೆ ಅದಕ್ಕಾಗಿ ಖಂಡಿತ ಹೋಗಿ, ಅದು ಬೇರೆ ಲೆಕ್ಕ.

ಪ್ರಶ್ನೆ: ನನ್ನ ಹಳೆ ಕಾರಿನಲ್ಲಿ ನ್ಯಾವಿಗೇಷನ್ ಇದೆ. ಈಗ ದಿನಾಂಕ ಇಪ್ಪತ್ತು ವರ್ಷ ಹಿಂದಿನದು ತೋರಿಸುತ್ತದೆ. ಹೆದ್ದಾರಿಯಲ್ಲಿ ಹೋಗುವಾಗ ಕಾರು ಹೊಲದ ಮೇಲೆ ಓಡುತ್ತಿರುವ ಹಾಗೆ ಬಾಣ ಹೋಗುತ್ತದೆ. ಆಂಟೆನಾ ಕೆಟ್ಟಿದೆ, ಇಡೀ ಯೂನಿಟ್ ಬದಲಿಸಿ ಅನ್ನುತ್ತಾರೆ. ನಿಜವಾ?

ಉತ್ತರ: ದುಡ್ಡು ಕೊಡುವ ಮೊದಲು ತಾಳಿ. ಇವು ಎರಡು ಬೇರೆ ಬೇರೆ ತೊಂದರೆ, ಎರಡಕ್ಕೂ ಆಂಟೆನಾ ಕಾರಣವಲ್ಲದಿರಬಹುದು.

ಮೊದಲು ದಿನಾಂಕ. ಜಿಪಿಎಸ್ ಉಪಗ್ರಹ ವರ್ಷ ಹೇಳುವುದಿಲ್ಲ, ವಾರದ ಸಂಖ್ಯೆ ಹೇಳುತ್ತದೆ. ಹಳೆ ಪದ್ಧತಿಯಲ್ಲಿ ಆ ಸಂಖ್ಯೆ 0ಯಿಂದ 1023ರವರೆಗೆ ಹೋಗಿ ಮತ್ತೆ 0ಗೆ ಬರುತ್ತದೆ. 1024 ವಾರ ಅಂದರೆ ಸುಮಾರು 19.6 ವರ್ಷ. 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹೀಗೆ ತಿರುಗಿತು. ಸಾಫ್ಟ್‌ವೇರ್ ಇದನ್ನು ಸರಿಯಾಗಿ ನಿಭಾಯಿಸದಿದ್ದರೆ ದಿನಾಂಕ ಅಷ್ಟು ವರ್ಷ ಹಿಂದಕ್ಕೆ ಹೋಗುತ್ತದೆ. ಕೆಲವು ಯೂನಿಟ್‌ಗಳಲ್ಲಿ ಕಂಪನಿ ಬೇರೆ ಲೆಕ್ಕ ಇಟ್ಟಿರುವುದರಿಂದ ಬೇರೆ ವರ್ಷದಲ್ಲೂ ಹೀಗಾಗಬಹುದು. ಇದಕ್ಕೆ ಮದ್ದು ಸಾಫ್ಟ್‌ವೇರ್ ಅಪ್‌ಡೇಟ್. ಅದು ಇಲ್ಲವೆಂದರೆ ದಿನಾಂಕ ತಪ್ಪೇ ಇರುತ್ತದೆ, ಆದರೆ ಜಾಗ ಬಹುಪಾಲು ಸರಿಯಾಗಿಯೇ ತೋರಿಸುತ್ತದೆ.

ಹೊಲದ ಮೇಲೆ ಓಡುವ ಬಾಣಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಬಾಣ ತಪ್ಪುವ ಕಡೆ ಸುರಕ್ಷಿತವಾದ ಜಾಗದಲ್ಲಿ ಕಾರು ನಿಲ್ಲಿಸಿ. ಸಿಸ್ಟಮ್‌ನ ಜಿಪಿಎಸ್ ಮಾಹಿತಿ ಪುಟಕ್ಕೆ ಹೋದರೆ ಅಕ್ಷಾಂಶ, ರೇಖಾಂಶ ಕಾಣುತ್ತದೆ. ಅದನ್ನು ಬರೆದುಕೊಳ್ಳಿ. ಅದೇ ಜಾಗದಲ್ಲಿ ಫೋನಿನ ಮ್ಯಾಪ್‌ನಲ್ಲಿ ನೀವಿರುವ ಬಿಂದುವನ್ನು ಒತ್ತಿ ಹಿಡಿದರೆ ಅಲ್ಲೂ ಸಂಖ್ಯೆ ಬರುತ್ತದೆ. ಎರಡನ್ನೂ ಹೋಲಿಸಿ. ಕಾರಿನದು ಡಿಗ್ರಿ-ನಿಮಿಷದಲ್ಲಿದ್ದರೆ ನಿಮಿಷವನ್ನು 60ರಿಂದ ಭಾಗಿಸಿ ದಶಮಾಂಶ ಮಾಡಿಕೊಳ್ಳಿ. ಅಕ್ಷಾಂಶದಲ್ಲಿ ದಶಮಾಂಶದ ನಾಲ್ಕನೇ ಅಂಕಿ ಒಂದು ಬದಲಾದರೆ ನೆಲದ ಮೇಲೆ ಸುಮಾರು 11 ಮೀಟರ್. ದಶಮಾಂಶ ಬಿಂದುವಿನ ನಂತರದ ಮೊದಲ ನಾಲ್ಕು ಅಂಕಿ ಹೆಚ್ಚುಕಡಿಮೆ ಹೊಂದಿಕೊಂಡರೆ ಆಂಟೆನಾ ಚೆನ್ನಾಗಿದೆ ಅಂತಲೇ ಅರ್ಥ. ನಿಮ್ಮ ಕಾರು ಸರಿಯಾದ ಜಾಗದಲ್ಲೇ ಇದೆ, ಆ ರಸ್ತೆ ಮ್ಯಾಪ್‌ನಲ್ಲಿಲ್ಲ ಅಷ್ಟೆ. ಮೂರನೇ ಅಂಕಿಯಲ್ಲೇ ದೊಡ್ಡ ವ್ಯತ್ಯಾಸ ಇದ್ದರೆ ಆಗ ಆಂಟೆನಾ ನೋಡಿಸಿ. ಗಾಜು ಬದಲಿಸಿದ ಮೇಲೆ, ಚಾವಣಿ ರಿಪೇರಿ ಆದ ಮೇಲೆ ಶುರುವಾದ ತೊಂದರೆಯಾದರೆ ವೈರ್ ಸಡಿಲವಾಗಿದೆಯಾ ಅಂತ ಮೊದಲು ನೋಡಲಿ.

ಹಳೆ ಯೂನಿಟ್‌ಗೆ ಹೊಸ ಮ್ಯಾಪ್ ಡಿಸ್ಕ್‌ನ ಬೆಲೆ ಕೇಳಿದರೆ ಬೇಸರವಾಗುತ್ತದೆ. ಆ ದುಡ್ಡಿಗೆ ಒಳ್ಳೆಯ ಫೋನ್ ಸ್ಟ್ಯಾಂಡ್ ತಗೊಂಡು ಫೋನನ್ನೇ ಬಳಸಿ.

ಪ್ರಶ್ನೆ: ಎಲೆಕ್ಟ್ರಿಕ್ ಕಾರಿಗೂ ಇದೇ ಸಲಹೆಯಾ?

ಉತ್ತರ: ಇಲ್ಲ, ಅಲ್ಲಿ ನನ್ನ ಮಾತು ಬದಲಾಗುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಕಂಪನಿಯ ನ್ಯಾವಿಗೇಷನ್‌ಗೆ ಬ್ಯಾಟರಿಯಲ್ಲಿ ಈಗ ಎಷ್ಟು ಚಾರ್ಜ್ ಇದೆ ಅಂತ ನೇರವಾಗಿ ಗೊತ್ತು. ಮುಂದಿನ ಏರುದಾರಿಯ ಲೆಕ್ಕ ಹಾಕಿ ಎಲ್ಲಿ ನಿಲ್ಲಿಸಬೇಕು, ಎಷ್ಟು ಚಾರ್ಜ್ ಮಾಡಬೇಕು ಅಂತ ಹೇಳಬಲ್ಲದು. ಚಳಿಯಲ್ಲಿ ಇನ್ನೊಂದು ಅನುಕೂಲ. ಫಾಸ್ಟ್ ಚಾರ್ಜರ್‌ಗೆ ದಾರಿ ಹಾಕಿದ ಕೂಡಲೇ ಎಷ್ಟೋ ಕಾರುಗಳು ಬ್ಯಾಟರಿಯನ್ನು ಮೊದಲೇ ಬೆಚ್ಚಗೆ ಮಾಡಿಕೊಳ್ಳುತ್ತವೆ, ಚಾರ್ಜ್ ಬೇಗ ಆಗುತ್ತದೆ. ಫೋನಿನ ಮ್ಯಾಪ್‌ನಲ್ಲಿ ದಾರಿ ಹಾಕಿದರೆ ಆ ಸುದ್ದಿ ಬ್ಯಾಟರಿಗೆ ಮುಟ್ಟದೇ ಇರಬಹುದು. ದೂರ ಹೋಗುವವರಾದರೆ ಒಳಗಿನದನ್ನೇ ಆರಿಸಿ, ಅಪ್‌ಡೇಟ್‌ನ ಪ್ರಶ್ನೆಗಳನ್ನು ಮಾತ್ರ ಬಿಡದೆ ಕೇಳಿ.

ಪ್ರಶ್ನೆ: ಫೋನನ್ನೇ ಮ್ಯಾಪ್‌ಗೆ ಬಳಸುತ್ತೇನೆ. ಬಿಸಿಲಲ್ಲಿ ಸುಟ್ಟ ಹಾಗೆ ಬಿಸಿಯಾಗಿ, ಪರದೆ ಮಂಕಾಗಿ, ಒಮ್ಮೊಮ್ಮೆ ಬಂದ್ ಆಗುತ್ತದೆ. ಎಲ್ಲಿ ಇಡಬೇಕು?

ಉತ್ತರ: ಬಿಸಿಲು, ಪೂರ್ತಿ ಬೆಳಕಿನ ಪರದೆ, ಜಿಪಿಎಸ್, ಚಾರ್ಜಿಂಗ್ ಎಲ್ಲ ಒಟ್ಟಿಗೆ ಸೇರಿದರೆ ಯಾವ ಫೋನೂ ತಡೆಯುವುದಿಲ್ಲ. ಐಫೋನನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣದಲ್ಲಿ ಬಳಸಿ ಅಂತ ಆಪಲ್ ಕಂಪನಿಯೇ ಹೇಳುತ್ತದೆ. ಬಿಸಿಲಿಗೆ ಒಡ್ಡಿದ ಡ್ಯಾಶ್‌ಬೋರ್ಡ್ ಅದನ್ನು ಬೇಗ ದಾಟುತ್ತದೆ. ಎಸಿ ಗಾಳಿ ಬರುವ ಕಡೆ ಕಚ್ಚಿಸುವ ಸ್ಟ್ಯಾಂಡ್ ತೆಗೆದುಕೊಳ್ಳಿ, ಫೋನ್ ತಣ್ಣಗಿರುತ್ತದೆ. ಹೀಟರ್ ಹಾಕುವ ಕಾಲದಲ್ಲಿ ಅಲ್ಲಿಂದ ತೆಗೆಯಿರಿ. ವೈರ್‌ಲೆಸ್ ಚಾರ್ಜಿಂಗ್ ಬಿಸಿ ಜಾಸ್ತಿ ಮಾಡುತ್ತದೆ, ಬಿಸಿಲಲ್ಲಿ ಕೇಬಲ್ಲೇ ಒಳ್ಳೆಯದು. ಕಾರ್‌ಪ್ಲೇ ಅಥವಾ ಆಂಡ್ರಾಯ್ಡ್ ಆಟೊ ಇದ್ದರೆ ಫೋನನ್ನು ನೆರಳಲ್ಲಿಡಿ, ಕಾರಿನ ಪರದೆ ನೋಡಿದರೆ ಸಾಕು ಅಲ್ವಾ.

ಗಾಜಿನ ನಡುವೆ ಮಾತ್ರ ಅಂಟಿಸಬೇಡಿ. ಅಲ್ಲಿ ಅದು ಮರೆಮಾಡುವ ಜಾಗದಲ್ಲೇ ಒಬ್ಬರು ರಸ್ತೆ ದಾಟುತ್ತಿರಬಹುದು. ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಕಡೆಯೂ ಬೇಡ, ಬಿಚ್ಚಿದಾಗ ಫೋನ್ ಮುಖಕ್ಕೆ ಬಂದು ಬಡಿಯುತ್ತದೆ. ಕಣ್ಣು ರಸ್ತೆಯಿಂದ ಸ್ವಲ್ಪವೇ ಕೆಳಗಿಳಿದರೆ ಕಾಣುವ ಹಾಗಿರಲಿ. ವಿಳಾಸ ಹಾಕುವುದು ಹೊರಡುವ ಮೊದಲು, ಆಮೇಲೆ ದನಿ ಕೇಳಿಕೊಂಡು ಹೋಗಿ. ಬದಲಿಸಲೇಬೇಕಾದರೆ ಪಕ್ಕಕ್ಕೆ ನಿಲ್ಲಿಸಿ.

ಪ್ರಶ್ನೆ: ಕಾರು ಮಾರುತ್ತಿದ್ದೇನೆ. ನ್ಯಾವಿಗೇಷನ್‌ನಲ್ಲಿ ಏನಾದರೂ ಅಳಿಸಬೇಕಾ?

ಉತ್ತರ: ಖಂಡಿತ. ಅದರಲ್ಲಿ ನಿಮ್ಮ ಮನೆ, ಕಚೇರಿ, ಹೋದ ಊರುಗಳ ಪಟ್ಟಿ, ಜೋಡಿಸಿದ ಫೋನಿನ ನಂಬರುಗಳು ಇರುತ್ತವೆ. ಒಂದೊಂದಾಗಿ ಅಳಿಸುತ್ತಾ ಕೂರಬೇಡಿ, ಸೆಟ್ಟಿಂಗ್ಸ್‌ನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿ. ಅಂಟಿಸುವ ಸಾಧನ ಮಾರುವುದಿದ್ದರೂ ಅಷ್ಟೇ. ಕಾರಿಗೆ ಮೊಬೈಲ್ ಆ್ಯಪ್ ಇದ್ದರೆ ನಿಮ್ಮ ಖಾತೆಯಿಂದಲೂ ಆ ಕಾರನ್ನು ತೆಗೆಯಿರಿ. ಇಲ್ಲದಿದ್ದರೆ ಹೊಸ ಮಾಲೀಕರು ಎಲ್ಲಿದ್ದಾರೆ ಅಂತ ನಿಮ್ಮ ಫೋನಿನಲ್ಲಿ ಕಾಣುತ್ತಲೇ ಇರಬಹುದು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಇದನ್ನೇ ತಿರುಗಿಸಿ ಮಾಡಬೇಕು: ಹಳೆ ಮಾಲೀಕರು ತಮ್ಮ ಖಾತೆಯಿಂದ ಕಾರನ್ನು ತೆಗೆಯುವುದನ್ನು ಎದುರೇ ನೋಡಿ, ಆಮೇಲೆ ಬಾಕಿ ಹಣ ಕೊಡಿ.