ಬ್ರೌಸರ್ ಪೇಜಿನ ಕ್ಯಾನ್ವಾಸಲ್ಲಿ ಬಾಕ್ಸ್ ಎಳೀತಿದ್ರೆ ಮೌಸ್ ಬಟನ್ ಬಿಟ್ರೂ ಅದು ಅಂಟ್ಕೊಂಡೇ ಬರುತ್ತೆ, ಆ್ಯರೋ ಕೀ ಬಿಟ್ರೂ ಒಮ್ಮೊಮ್ಮೆ ಓಡ್ತಾನೇ ಇರುತ್ತೆ. ಇವೆಂಟ್ ಲಿಸನರ್ (ಕೀ, ಮೌಸ್ ಸುದ್ದಿ ಬಂದಾಗ ಓಡೋ ಕೋಡ್) ಬಿಟ್ಟು ಪೋಲಿಂಗ್‌ಗೆ (ಮತ್ತೆ ಮತ್ತೆ ನಾವೇ ಕೇಳಿ ನೋಡೋದು) ಹೋಗ್ಲಾ?

ಬೇಡ, ಪೋಲಿಂಗ್‌ಗೆ ಹೋದ್ರೂ ಅಂಟ್ಕೊಳ್ಳುತ್ತೆ. ಬ್ರೌಸರಲ್ಲಿ ಕೀಬೋರ್ಡ್‌ನ "ಈಗ ಯಾವ ಕೀ ಒತ್ತಿದೆ" ಅಂತ ನೇರವಾಗಿ ಕೇಳೋ ದಾರಿನೇ ಇಲ್ಲ, ನೀವು ಪೋಲಿಂಗ್ ಅಂತ ಬರೆಯೋದು ಕೊನೆಗೆ ಕೀ ಒತ್ತಿದಾಗ ಬರೋ ಕೀಡೌನ್, ಬಿಟ್ಟಾಗ ಬರೋ ಕೀಅಪ್ ಇವೆಂಟ್ ಬಂದಾಗ ನೀವೇ ಬರೆದಿಟ್ಕೊಂಡ ಆಬ್ಜೆಕ್ಟ್‌ನ ಪ್ರತಿ ಫ್ರೇಮಲ್ಲಿ ಓದೋದು ಅಷ್ಟೇ. ಆ ಆಬ್ಜೆಕ್ಟೇ ಸುಳ್ಳು ಹೇಳ್ತಿದ್ರೆ ಎಷ್ಟು ಸಲ ಓದಿದ್ರೆ ಏನು.

ನಾನೂ ಇದೇ ಗುಂಡಿಗೆ ಬಿದ್ದೋನು. ಮನೆ ಪ್ಲ್ಯಾನ್ ಬರೆಯೋ ಒಂದು ಟೂಲ್ ಮಾಡ್ತಿದ್ದೆ, ರೂಮಲ್ಲಿ ಮಂಚ, ಬೀರು, ಟೇಬಲ್ ಇಟ್ಟು ಆ್ಯರೋ ಕೀಲಿ ಸರಿಸ್ಬೋದು. ಕೋಡ್ ಎಲ್ರೂ ಬರೆಯೋ ಥರಾನೇ: ಕೀಡೌನ್ ಬಂದ್ರೆ ಆ ಕೀಗೆ ಟ್ರೂ, ಕೀಅಪ್ ಬಂದ್ರೆ ಫಾಲ್ಸ್, ಫ್ರೇಮ್ ಲೂಪಲ್ಲಿ (ಸ್ಕ್ರೀನ್ ಪ್ರತಿ ಸಲ ಬರೆಯೋವಾಗ ಓಡೋ ಕೋಡ್) ಟ್ರೂ ಇದ್ರೆ ಎರಡು ಪಿಕ್ಸೆಲ್ ಸರಿಸು. ತಿಂಗಳಗಟ್ಲೆ ಓಡ್ತು, ಯಾರೂ ಏನೂ ಹೇಳ್ಲಿಲ್ಲ. ಆಮೇಲೆ ಒಬ್ರು ಮೇಡಂ ಮೇಲ್ ಹಾಕಿದ್ರು, "ನಿಮ್ಮ ಬೀರು ತಾನಾಗೇ ಗೋಡೆ ದಾಟಿ ಹೋಗ್ತಿದೆ" ಅಂತ. ನಕ್ಕೆ. ಸ್ಕ್ರೀನ್ ರೆಕಾರ್ಡಿಂಗ್ ಕಳಿಸಿದ್ರು, ನಿಜವಾಗ್ಲೂ ಬೀರು ನಿಧಾನಕ್ಕೆ ಬೆಡ್‌ರೂಮಿಂದ ಹೊರಟು, ಗೋಡೆ ದಾಟಿ, ಕ್ಯಾನ್ವಾಸ್ ಅಂಚು ದಾಟಿ ಮಾಯ. ಅಷ್ಟೊತ್ತಿಗೆ ಆಟೋಸೇವ್ ಅದನ್ನ ಸೇವ್ ಕೂಡ ಮಾಡಿತ್ತು. ಅಂಡೂ ಮಾಡಿ ಅಂದೆ, ಅದೂ ಕೈಕೊಡ್ತು, ಯಾಕಂದ್ರೆ ನಾನು ಪ್ರತಿ ಫ್ರೇಮಿಗೂ ಒಂದು ಅಂಡೂ ಎಂಟ್ರಿ ಹಾಕ್ತಿದ್ದೆ, ಲಿಮಿಟ್ 100. ಸೆಕೆಂಡಿಗೆ 60 ಫ್ರೇಮ್ ಅಂದ್ರೆ ಅಂಡೂ ಕೀ ಸವೆಯೋ ತನಕ ಒತ್ತಿದ್ರೂ ಎರಡು ಸೆಕೆಂಡ್ ಕೂಡ ಹಿಂದಕ್ಕೆ ಹೋಗಲ್ಲ. ಅವರ ಅರ್ಧ ದಿನದ ಕೆಲಸ ಹೋಯ್ತು.

ನನ್ನ ಸಿಸ್ಟಮಲ್ಲಿ ಎಷ್ಟು ಸಲ ಟ್ರೈ ಮಾಡಿದ್ರೂ ಬರ್ತಿರ್ಲಿಲ್ಲ. ಹಂಗಾಗಿ ನಾನೇನು ಮಾಡ್ದೆ ಗೊತ್ತಾ, "ನಿಮ್ಮ ಕೀಬೋರ್ಡಲ್ಲಿ ಕೀ ಸಿಕ್ಕಾಕೊಳ್ತಿರ್ಬೇಕು, ಬೇರೆ ಹಾಕಿ ನೋಡಿ" ಅಂದ್ಬಿಟ್ಟೆ. ಪಾಪ ಅವ್ರು ಹೊಸ ಕೀಬೋರ್ಡ್ ತಗೊಂಡ್ರು. ಮರುದಿನ ಟೇಬಲ್ ಹೊರಟೋಯ್ತು.

ತಪ್ಪು ಎಲ್ಲಿತ್ತು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಿಮ್ಮ ಎರಡೂ ಬಗ್ ಇದೇ. ಡೌನ್ ಬಂದ್ಮೇಲೆ ಅಪ್ ಬಂದೇ ಬರುತ್ತೆ ಅಂತ ನಾನು ನಂಬಿದ್ದೆ. ಬರಲ್ಲ. ಕೀಬೋರ್ಡ್ ಇವೆಂಟ್ ಹೋಗೋದು ಆ ಕ್ಷಣಕ್ಕೆ ಫೋಕಸ್ ಯಾರ ಹತ್ರ ಇದೆಯೋ ಅವರಿಗೆ. ಮೇಡಂ ಹತ್ರ ಎರಡು ಮಾನಿಟರ್, ಒಂದರಲ್ಲಿ ನನ್ನ ಟೂಲ್, ಇನ್ನೊಂದರಲ್ಲಿ ಚಾಟ್. ಬಲಗಡೆ ಆ್ಯರೋ ಒತ್ತಿ ಹಿಡಿದು ಬೀರು ಸರಿಸ್ತಿರ್ತಾರೆ, ಅಷ್ಟರಲ್ಲಿ ಚಾಟ್ ಕಾಲ್ ವಿಂಡೋ ಎದ್ದು ಫೋಕಸ್ ಕಿತ್ಕೊಳ್ಳುತ್ತೆ, ಅವ್ರು ಕೀ ಬಿಡ್ತಾರೆ, ಆ ಕೀಅಪ್ ಹೋಗೋದು ಚಾಟ್ ವಿಂಡೋಗೆ, ನನ್ನ ಪೇಜಿಗೆ ಅದರ ಸುದ್ದಿನೇ ಇಲ್ಲ. ನನ್ನ ಆಬ್ಜೆಕ್ಟಲ್ಲಿ ಬಲ ಆ್ಯರೋ ಇನ್ನೂ ಟ್ರೂ. ಪೇಜು ಮೊದಲನೇ ಮಾನಿಟರಲ್ಲಿ ಪೂರ್ತಿ ಕಾಣ್ತಾನೇ ಇರೋದ್ರಿಂದ ಫ್ರೇಮ್ ಲೂಪ್ ಆರಾಮಾಗಿ ಓಡ್ತಿರುತ್ತೆ. ಅವ್ರು ಕಾಲಲ್ಲಿ ಮಾತಾಡ್ತಿರ್ತಾರೆ, ಬೀರು ವಾಕಿಂಗ್ ಹೋಗ್ತಿರುತ್ತೆ. ನಾನು ಟೆಸ್ಟ್ ಮಾಡ್ವಾಗ ಯಾವತ್ತೂ ಕೀ ಒತ್ತಿ ಹಿಡಿದಿರೋವಾಗ್ಲೇ ವಿಂಡೋ ಬದಲಾಯಿಸಿರ್ಲಿಲ್ಲ, ಯಾರು ಹಂಗೆ ಮಾಡ್ತಾರೆ ಹೇಳಿ.

ಇದು ಗೊತ್ತಾಗೋ ಮುಂಚೆ ಇನ್ನೊಂದು ದಡ್ಡತನ ಮಾಡಿದ್ದೆ, ನೀವು ಮಾಡ್ಬೇಡಿ. ಕೀ ಒತ್ತಿ ಹಿಡಿದ್ರೆ ಆಪರೇಟಿಂಗ್ ಸಿಸ್ಟಂ ಕೀಡೌನ್‌ನ ಮತ್ತೆ ಮತ್ತೆ ಕಳಿಸ್ತಿರುತ್ತಲ್ಲ, ಹಂಗಾಗಿ 300 ಮಿಲಿಸೆಕೆಂಡ್ ಹೊಸ ಕೀಡೌನ್ ಬರ್ದಿದ್ರೆ ಕೀ ಬಿಟ್ಟಿದಾರೆ ಅಂದ್ಕೊಳ್ಳೋ ಟೈಮರ್ ಹಾಕ್ದೆ. ಮೊದಲನೇ ಕೀಡೌನಿಗೂ ರಿಪೀಟ್ ಶುರು ಆಗೋದಕ್ಕೂ ನಡುವೆ ಒಂದು ಗ್ಯಾಪ್ ಇರುತ್ತೆ, ವಿಂಡೋಸಲ್ಲಿ ಅದು ಸೆಟಿಂಗ್ ಮೇಲೆ ಸುಮಾರು ಕಾಲು ಸೆಕೆಂಡಿಂದ ಒಂದು ಸೆಕೆಂಡ್ ತನಕ. ಹಂಗಾಗಿ ಬೀರು ಸರಿಯುತ್ತೆ, ನಿಲ್ಲುತ್ತೆ, ಮತ್ತೆ ಸರಿಯುತ್ತೆ, ಬಿಕ್ಕಳಿಕೆ ಬಂದೋರ ಥರ. ಇನ್ನೂ ಮಜಾ ಅಂದ್ರೆ ಎರಡು ಕೀ ಒಟ್ಟಿಗೆ ಹಿಡಿದ್ರೆ ರಿಪೀಟ್ ಬರೋದು ಕೊನೆಗೆ ಒತ್ತಿದ್ದಕ್ಕೆ ಮಾತ್ರ. ಬಲ ಒತ್ತಿ ಹಿಡಿದು, ಆಮೇಲೆ ಕೆಳಗಿನ ಆ್ಯರೋನೂ ಒತ್ತಿದ್ರೆ ಬಲದ ರಿಪೀಟ್ ನಿಂತೋಗುತ್ತೆ, ನನ್ನ ಟೈಮರ್ ಅದನ್ನ ಬಿಟ್ಟ ಹಾಗೆ ಲೆಕ್ಕ ಹಾಕ್ತು, ಓರೆಯಾಗಿ ಸರಿಸೋದೇ ಸತ್ತೋಯ್ತು. ಒಂದು ಬಗ್ ಮುಚ್ಚೋಕೆ ಎರಡು ಹೆತ್ತೆ.

ಕೊನೆಗೆ ಸರಿ ಹೋಗಿದ್ದು ಒಂದೇ ಒಂದು ಲೈನಲ್ಲಿ. ವಿಂಡೋದ ಬ್ಲರ್ ಇವೆಂಟ್ (ಫೋಕಸ್ ಹೋದಾಗ ಬರೋದು) ಬಂದ ತಕ್ಷಣ ಒತ್ತಿರೋ ಕೀಗಳ ಸೆಟ್‌ನ ಪೂರ್ತಿ ಖಾಲಿ ಮಾಡು. ಎರಡು ವಾರ ಹುಡುಕಿದ್ದಕ್ಕೆ ಒಂದು ಲೈನ್. ಜೊತೆಗೆ ಟ್ಯಾಬ್ ಮರೆಯಾದಾಗ, ಕಂಡಾಗ ಬರೋ ವಿಸಿಬಿಲಿಟಿಚೇಂಜ್‌ಗೂ ಅದೇ ಹಾಕಿದ್ದೀನಿ, ನಷ್ಟ ಏನಿಲ್ಲ. ಗೇಮ್ ಬರೆಯೋಕೆ ಬಳಸೋ ಎಸ್‌ಡಿಎಲ್ ಥರದ ಲೈಬ್ರರಿಗಳು ಫೋಕಸ್ ಹೋದಾಗ ಒತ್ತಿರೋ ಕೀಗಳಿಗೆಲ್ಲ ತಾವೇ ಅಪ್ ಕಳಿಸ್ತವೆ, ಅದಕ್ಕೇ ಗೇಮ್ ಕಡೆಯಿಂದ ಬಂದೋರಿಗೆ ಈ ತಲೆನೋವು ಕಮ್ಮಿ. ಬ್ರೌಸರಲ್ಲಿ ನಾವೇ ಮಾಡ್ಕೋಬೇಕು. ಮ್ಯಾಕಲ್ಲಿ ಇನ್ನೊಂದು ಕಿತಾಪತಿ ಇದೆ, ಕಮಾಂಡ್ ಕೀ ಹಿಡಿದಿರೋವಾಗ ಬೇರೆ ಅಕ್ಷರದ ಕೀ ಬಿಟ್ರೆ ಅದರ ಕೀಅಪ್ ಬರೋದೇ ಇಲ್ಲ, ಹಂಗಾಗಿ ಕಮಾಂಡಿನ ಕೀಅಪ್ ಬಂದಾಗ್ಲೂ ಎಲ್ಲಾ ಖಾಲಿ ಮಾಡಿ. ಶಿಫ್ಟ್, ಕಂಟ್ರೋಲ್‌ನಂತೂ ನೆನಪಿಟ್ಕೊಳ್ಳೋಕೇ ಹೋಗ್ಬೇಡಿ, ಪ್ರತಿ ಮೌಸ್ ಇವೆಂಟಲ್ಲೂ ಶಿಫ್ಟ್‌ಕೀ ಅಂತ ಒಂದು ಪ್ರಾಪರ್ಟಿ ಇರುತ್ತೆ, ಬೇಕಾದಾಗ ಅದನ್ನೇ ಓದಿ.

ಈಗ ನಿಮ್ಮ ಬಾಕ್ಸ್. ನೀವು ಮೌಸ್‌ಅಪ್ ಲಿಸನರ್‌ನ ಕ್ಯಾನ್ವಾಸ್ ಮೇಲೆ ಹಾಕಿದ್ದೀರ ಅಂತ ಬೆಟ್ ಕಟ್ತೀನಿ. ಡ್ರ್ಯಾಗ್ ಮಾಡ್ತಾ ಪಾಯಿಂಟರ್ ಸೈಡ್‌ಬಾರ್ ಮೇಲೆ ಹೋಗುತ್ತೆ, ಅಲ್ಲಿ ಬಟನ್ ಬಿಡ್ತೀರ, ಆ ಅಪ್ ಸೈಡ್‌ಬಾರಿಗೆ ಹೋಗುತ್ತೆ, ಕ್ಯಾನ್ವಾಸಿಗಲ್ಲ. ವಾಪಸ್ ಬಂದಾಗ ಡ್ರ್ಯಾಗಿಂಗ್ ಇನ್ನೂ ಟ್ರೂ. ಅದೇ ಕಥೆ, ಮೌಸ್ ವೇಷದಲ್ಲಿ. ಮೌಸ್ ಇವೆಂಟ್ ಬಿಟ್ಟು ಪಾಯಿಂಟರ್ ಇವೆಂಟಿಗೆ (ಮೌಸ್, ಟಚ್, ಪೆನ್ ಎಲ್ಲಕ್ಕೂ ಒಂದೇ) ಬನ್ನಿ, ಪಾಯಿಂಟರ್‌ಡೌನಲ್ಲಿ ಸೆಟ್‌ಪಾಯಿಂಟರ್‌ಕ್ಯಾಪ್ಚರ್ ಕರೀರಿ, ಆಮೇಲೆ ಪಾಯಿಂಟರ್ ಎಲ್ಲಿಗೆ ಹೋದ್ರೂ ಮೂವ್, ಅಪ್ ಎರಡೂ ನಿಮ್ಮ ಕ್ಯಾನ್ವಾಸಿಗೇ ಬರುತ್ತೆ. ಹಳೇ ವಿಂಡೋಸ್ ಪ್ರೋಗ್ರಾಮಲ್ಲಿ ಸೆಟ್‌ಕ್ಯಾಪ್ಚರ್ ಮಾಡ್ತಿದ್ದ ಕೆಲಸನೇ ಇದು, ಹೊಸದೇನಲ್ಲ. ಡ್ರ್ಯಾಗ್ ಮುಗಿಸೋ ಕೋಡ್‌ನ ಪಾಯಿಂಟರ್‌ಅಪ್ಪಲ್ಲಿ ಇಡ್ಬೇಡಿ, ಲಾಸ್ಟ್‌ಪಾಯಿಂಟರ್‌ಕ್ಯಾಪ್ಚರಲ್ಲಿ (lostpointercapture, ಆ ಹಿಡಿತ ತಪ್ಪಿದಾಗ ಬರೋ ಇವೆಂಟ್) ಇಡಿ. ಬೆರಳು ಎತ್ತಿದ್ರೂ ಅದು ಬರುತ್ತೆ, ಬ್ರೌಸರ್ ನಡುವೆ ಪಾಯಿಂಟರ್‌ಕ್ಯಾನ್ಸಲ್ ಕೊಟ್ರೂ ಬರುತ್ತೆ, ಒಂದೇ ಬಾಗಿಲು. ಟಚ್ಚಲ್ಲೂ ಓಡ್ಬೇಕು ಅಂದ್ರೆ ಸಿಎಸ್ಎಸ್‌ನಲ್ಲಿ touch-action: none ಹಾಕಿ, ಇಲ್ಲಾಂದ್ರೆ ಬ್ರೌಸರ್ ಇದನ್ನ ಸ್ಕ್ರೋಲ್ ಅಂದ್ಕೊಂಡು ಕ್ಯಾನ್ಸಲ್ ಮಾಡಿಬಿಡುತ್ತೆ.

ಇದೆಲ್ಲ ಆದ್ಮೇಲೂ ಮೂವ್ ಇವೆಂಟಲ್ಲಿ ಬಟನ್ಸ್ ಅನ್ನೋ ಪ್ರಾಪರ್ಟಿ ನೋಡೋ ಅಭ್ಯಾಸ ಇಟ್ಕೊಳ್ಳಿ. ಗಮನಿಸಿ, ಬಟನ್ ಬೇರೆ, ಬಟನ್ಸ್ ಬೇರೆ. ಬಟನ್ ಅಂದ್ರೆ ಈ ಇವೆಂಟಿಗೆ ಕಾರಣ ಆಗಿದ್ದು, ಅದರಲ್ಲಿ ಎಡ 0, ಮಧ್ಯ 1, ಬಲ 2. ಬಟನ್ಸ್ ಅಂದ್ರೆ ಈಗ ಒತ್ತಿರೋದೆಲ್ಲ ಸೇರಿಸಿದ ಬಿಟ್‌ಗಳು, ಅದರಲ್ಲಿ ಎಡ 1, ಬಲ 2, ಮಧ್ಯ 4. ಯಾರು ಹಿಂಗೆ ಇಟ್ರೋ ಪುಣ್ಯಾತ್ಮರು. ಡ್ರ್ಯಾಗಿಂಗ್ ಟ್ರೂ ಇದ್ದು ಬಟನ್ಸಲ್ಲಿ ಎಡದ ಬಿಟ್ ಇಲ್ಲ ಅಂದ್ರೆ ಅಪ್ ಎಲ್ಲೋ ಕಳ್ದೋಗಿದೆ ಅಂತ ಅರ್ಥ, ಅಲ್ಲೇ ಡ್ರ್ಯಾಗ್ ಮುಗಿಸಿ.

ಪ್ರಶ್ನೆಯಲ್ಲಿ ಇವೆಂಟಾ ಪೋಲಿಂಗಾ ಅಂತ ಕೇಳಿದ್ರಲ್ಲ, ಅದು ಒಂದನ್ನ ಆರಿಸೋ ವಿಷಯನೇ ಅಲ್ಲ. ಇವೆಂಟ್ ಬರೆಯುತ್ತೆ, ಫ್ರೇಮ್ ಲೂಪ್ ಓದುತ್ತೆ. ಲೂಪಲ್ಲಿ ಓದೋದು ಮಾತ್ರ ಇಟ್ಕೊಂಡ್ರೆ ಇನ್ನೊಂದು ಕಳ್ಳ ಬಗ್ ಇದೆ: ಒಂದು ಫ್ರೇಮ್ ಸುಮಾರು 16 ಮಿಲಿಸೆಕೆಂಡ್, ಲೂಪ್ ಎಲ್ಲಾದ್ರೂ ತಡವರಿಸಿ 100 ತಗೊಂಡ್ರೆ ಆ ಗ್ಯಾಪಲ್ಲಿ ಯಾರೋ ಟಪ್ ಅಂತ ಒತ್ತಿ ಬಿಟ್ಟಿದ್ದು ಟ್ರೂ ಆಗಿ ಫಾಲ್ಸೂ ಆಗಿರುತ್ತೆ, ಲೂಪಿಗೆ ಕಾಣೋದೇ ಇಲ್ಲ. ಅದಕ್ಕೆ "ಈ ಫ್ರೇಮಲ್ಲಿ ಒತ್ತಿದ್ದು" ಅಂತ ಬೇರೆ ಒಂದು ಸೆಟ್ ಇಟ್ಟು, ರಿಪೀಟ್ ಟ್ರೂ ಇರೋ ಕೀಡೌನ್ ಬಿಟ್ಟು ಉಳಿದದ್ದು ಅದಕ್ಕೆ ಹಾಕಿ, ಫ್ರೇಮ್ ಕೊನೇಲಿ ಖಾಲಿ ಮಾಡಿ.

ಹಾಂ, ಯಾವ ಕೀ ಅಂತ ತಿಳಿಯೋಕೆ ಕೀಕೋಡ್ ಅನ್ನೋ ಹಳೇ ಪ್ರಾಪರ್ಟಿ ಬಳಸ್ತಿದ್ರೆ ಅದೂ ಬಿಡಿ. ಅದರ ಬದಲು ಕೀ (key) ಪ್ರಾಪರ್ಟಿಲಿ "k" ಅಂತ ಚೆಕ್ ಮಾಡಿದ್ರೆ ಕನ್ನಡ ಇನ್‌ಸ್ಕ್ರಿಪ್ಟ್ ಲೇಔಟಲ್ಲಿ ಇರೋರಿಗೆ ಅಲ್ಲಿ "ಕ" ಬರುತ್ತೆ, ಶಾರ್ಟ್‌ಕಟ್ ಸತ್ತೋಗುತ್ತೆ. ಕೀಬೋರ್ಡಲ್ಲಿ ಕೀ ಇರೋ ಜಾಗ ಮುಖ್ಯ ಆದ್ರೆ ಕೋಡ್ (code) ಪ್ರಾಪರ್ಟಿ ನೋಡಿ, ಅಕ್ಷರ ಮುಖ್ಯ ಆದ್ರೆ ಕೀ ನೋಡಿ.

ಪೋಲಿಂಗ್ ಅಂತ ಕೋಡ್ ಬದಲಾಯಿಸೋ ಮುಂಚೆ ಇವತ್ತು ಇಷ್ಟು ಮಾಡಿ: ಆ್ಯರೋ ಒತ್ತಿ ಹಿಡ್ಕೊಂಡೇ ಆಲ್ಟ್ ಟ್ಯಾಬ್ ಮಾಡಿ, ಬೇರೆ ವಿಂಡೋಲಿ ಬಿಟ್ಟು ವಾಪಸ್ ಬನ್ನಿ. ಓಡ್ತಿದ್ರೆ ಬ್ಲರ್ ಲೈನ್ ಹಾಕಿ ಮತ್ತೆ ಅದನ್ನೇ ಮಾಡಿ. ಆಮೇಲೂ ಓಡ್ತಿದ್ರೆ ಕೀಡೌನ್ ಹ್ಯಾಂಡ್ಲರ್ ಪೂರ್ತಿ ಇಲ್ಲೇ ಪೇಸ್ಟ್ ಮಾಡಿ, ನೋಡ್ತೀನಿ, ಕೀಬೋರ್ಡ್ ಬದಲಾಯಿಸಿ ಅಂತ ಮಾತ್ರ ಹೇಳಲ್ಲ.