ಗಡಿಯ ಊರಿನಲ್ಲಿ ಬೈಕ್ ಮಾರುವುದು: ನಿಪ್ಪಾಣಿಯಿಂದ ಉತ್ತರ

ಬೆಂಗಳೂರಿನಿಂದ ವರ್ಗವಾಗಿ ನಮ್ಮ ನಿಪ್ಪಾಣಿಗೆ ಬಂದಿರುವ ನೀವು ನಿಮ್ಮ ಯಮಹಾ ಆರ್15 ಬೈಕನ್ನು ಇಲ್ಲಿಯೇ ಮಾರಬೇಕೆಂದಿದ್ದೀರಿ. ನೋಡಲು ಬಂದ ಮೂವರಲ್ಲಿ ಇಬ್ಬರು ಮಹಾರಾಷ್ಟ್ರದವರಾಗಿರುವುದರಿಂದ ಅವರಿಗೆ ಕೊಡಬಹುದೇ ಎಂದು ಕೇಳಿದ್ದೀರಿ. ಕೊಡಬಹುದು. ಆದರೆ ಇಲ್ಲಿಂದ ಬೈಕು ಅರ್ಧ ಗಂಟೆಯಲ್ಲಿ ಗಡಿ ದಾಟುತ್ತದೆ, ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಇರುವ ಹೆಸರು ದಾಟಲು ತಿಂಗಳುಗಳೇ ಬೇಕಾಗುತ್ತವೆ. ಆ ನಡುವಿನ ಕಾಲದಲ್ಲಿ ನಡೆಯುವುದಕ್ಕೆಲ್ಲ ಕಾನೂನಿನ ಕಣ್ಣಿಗೆ ಮಾಲೀಕರು ನೀವೇ. ಇದನ್ನು ನಾನು ಅನುಭವಿಸಿಯೇ ತಿಳಿದವನಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ನಮಗೆ ಕೊಲ್ಹಾಪುರ ಸುಮಾರು 40 ಕಿಲೋಮೀಟರ್. ನಮ್ಮ ಜಿಲ್ಲಾ ಕೇಂದ್ರವಾದ ಬೆಳಗಾವಿ ಅದಕ್ಕಿಂತ ಬಹಳ ದೂರ. ಆಸ್ಪತ್ರೆ, ಕಾಲೇಜು, ಮದುವೆಯ ಜವಳಿ, ಬೀಗತನ ಎಲ್ಲವೂ ಎರಡೂ ಕಡೆ ಹರಡಿಕೊಂಡಿವೆ. ಆದ್ದರಿಂದ ಕೊಗನೋಳಿ ಟೋಲ್ ನಾಕಾದ ಆಚೆಗಿನ ಕಾಗಲದ ಗಿರಾಕಿಯನ್ನು ನಾವು ಬೇರೆ ರಾಜ್ಯದವನೆಂದು ಮನಸ್ಸಿನಲ್ಲಿ ಎಣಿಸುವುದೇ ಇಲ್ಲ. ಆರ್‌ಟಿಒ ಮಾತ್ರ ಎಣಿಸುತ್ತದೆ. ನಮ್ಮ ಬೀದಿಯಲ್ಲಿ ಕೆಎ-23 ಎಂದರೆ ಚಿಕ್ಕೋಡಿ, ಎಂಎಚ್-09 ಎಂದರೆ ಕೊಲ್ಹಾಪುರ. ಎರಡೂ ಒಂದೇ ಮನೆಯ ಅಂಗಳದಲ್ಲಿ ನಿಂತಿರುವುದನ್ನು ನೀವು ಈಗಾಗಲೇ ನೋಡಿರುತ್ತೀರಿ.

ಇದಕ್ಕೆ ತೆರಿಗೆಯೂ ಒಂದು ಕಾರಣ. ನಾನು 2019ರಲ್ಲಿ ಆರ್15 ಕೊಳ್ಳುವಾಗ ಒಂದು ಲಕ್ಷ ರೂಪಾಯಿಗಿಂತ ಹೆಚ್ಚಿನ ಬೆಲೆಯ ಬೈಕಿಗೆ ಕರ್ನಾಟಕದಲ್ಲಿ ಆಜೀವ ತೆರಿಗೆ ಶೇ 18ರಷ್ಟಿತ್ತು. ಆಚೆ ಅದೇ 155 ಸಿಸಿ ಬೈಕಿಗೆ ಶೇ 11. ಒಂದು ಲಕ್ಷ ನಲವತ್ತು ಸಾವಿರದ ಗಾಡಿಯ ಮೇಲೆ ಈ ವ್ಯತ್ಯಾಸವೇ 9,800 ರೂಪಾಯಿಯಾಗುತ್ತದೆ. ಕೊಲ್ಹಾಪುರದಲ್ಲಿ ನೆಂಟರ ವಿಳಾಸವಿದ್ದವರು ಅಲ್ಲಿಯೇ ಕೊಂಡರು. ಆದರೆ ಬೇರೆ ರಾಜ್ಯದ ನಂಬರಿನ ವಾಹನವನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರನ್ನೇ ಪಡೆಯಬೇಕು. ಅದನ್ನು ಮರೆತವರೂ ಉಂಟು, ಮರೆತಂತೆ ಇದ್ದವರೂ ಉಂಟು.

ನೀವು ಮಾರುವಾಗ ಈ ಲೆಕ್ಕ ತಿರುಗಿ ಬೀಳುತ್ತದೆ. ನಿಮ್ಮ ಬೈಕನ್ನು ಸ್ಥಳೀಯ ಗಿರಾಕಿ ಕೊಂಡರೆ ನಂಬರು ಬದಲಾಗುವುದಿಲ್ಲ, ತೆರಿಗೆಯನ್ನು ಮತ್ತೆ ಕಟ್ಟಬೇಕಾಗಿಯೂ ಇಲ್ಲ. ಆಚೆಯವರು ಕೊಂಡರೆ ನೋಂದಣಿಯಾದ ಬೆಂಗಳೂರಿನ ಕಚೇರಿಯಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲವೆಂಬ ಪತ್ರ, ತರಿಸಬೇಕು, ಮಹಾರಾಷ್ಟ್ರದಲ್ಲಿ ಗಾಡಿಯ ವಯಸ್ಸಿಗೆ ತಕ್ಕ ತೆರಿಗೆಯನ್ನು ಹೊಸದಾಗಿ ಕಟ್ಟಬೇಕು, ಹೊಸ ನಂಬರು ಪಡೆಯಬೇಕು. ಇಲ್ಲಿ ಉಳಿದ ತೆರಿಗೆಯ ಮರುಪಾವತಿಗೆ ಬೇರೆ ಅರ್ಜಿ. ಆದ್ದರಿಂದ ಆ ಇಬ್ಬರು ನಿಮ್ಮ ಬೆಲೆಯಲ್ಲಿ ಹತ್ತು ಹದಿನೈದು ಸಾವಿರ ಇಳಿಸಲು ಕೇಳಿದರೆ ಅದನ್ನು ಮೋಸವೆಂದು ತಿಳಿಯಬೇಡಿ. ಆದರೆ ಅಷ್ಟನ್ನು ಇಳಿಸಿಕೊಂಡು, ಬಳಿಕ ನಂಬರನ್ನೇ ಬದಲಿಸದೆ ಓಡಾಡುವ ಗಿರಾಕಿಯೂ ಇರುತ್ತಾನೆ. ಎಚ್ಚರ ಬೇಕಾಗಿರುವುದು ಅಲ್ಲಿ.

ಮಾರುವ ಕಾಲವನ್ನೂ ನೋಡಿಕೊಳ್ಳಿ. ಈ ಸೀಮೆ ಕಬ್ಬಿನದು. ಕಾರ್ಖಾನೆಗಳು ಚಳಿಗಾಲದಲ್ಲಿ ಕಬ್ಬು ಅರೆದು, ಬಿಲ್ಲು ರೈತರ ಖಾತೆಗೆ ಬೀಳತೊಡಗಿದ ಮೇಲೆ ಮನೆಯ ಹುಡುಗರ ಬೈಕಿನ ಬೇಡಿಕೆಗೆ ತಂದೆಯಂದಿರು ಒಪ್ಪುತ್ತಾರೆ. ದಸರೆಗೂ ಯುಗಾದಿಗೂ, ಅಂದರೆ ಇಲ್ಲಿಯವರು ಪಾಡವಾ ಎನ್ನುವ ದಿನಕ್ಕೂ, ಹೊಸ ಗಾಡಿ ತರುವವರು ಹಳೆಯದನ್ನು ಅದಕ್ಕೆ ಮುಂಚೆ ಮಾರಾಟಕ್ಕೆ ಇಡುವುದರಿಂದ ಆಗ ನಿಮಗೆ ಪೈಪೋಟಿ ಹೆಚ್ಚು. ಮಳೆಗಾಲದಲ್ಲಂತೂ ಇಂಥ ಬೈಕನ್ನು ಕೇಳುವವರು ಕಡಿಮೆ.

ನೋಡಲು ಬರುವವನು ಒಬ್ಬನೇ ಬರುವುದಿಲ್ಲ. ಜೊತೆಗೆ ಮೇಸ್ತ್ರಿಯನ್ನೋ ಗಾಡಿ ಬಲ್ಲ ಗೆಳೆಯನನ್ನೋ ಕರೆತರುತ್ತಾನೆ. ಸ್ಪೋರ್ಟ್ಸ್ ಬೈಕಿನಲ್ಲಿ ಅವರು ಮೊದಲು ಹುಡುಕುವುದು ಬಿದ್ದ ಗುರುತನ್ನು. ಹ್ಯಾಂಡಲ್ ತುದಿಯ ತೂಕದ ಮೇಲಿನ ತರಚು, ಹೊಸದಾಗಿ ಹಾಕಿದ ಒಂದೇ ಲಿವರ್, ಫೇರಿಂಗ್‌ನ (ಬೈಕಿನ ಹೊರಗವಚದ) ಒಳಬದಿಯಲ್ಲಿ ಅಂಟಿಸಿದ ಬಿರುಕು, ಬಣ್ಣ ಹೊಂದದ ಸ್ಕ್ರೂ ಇವೆಲ್ಲ ಅವರಿಗೆ ಕಥೆ ಹೇಳುತ್ತವೆ. ಮುಂದಿನ ಫೋರ್ಕಿನ ಸೀಲಿನಿಂದ ಎಣ್ಣೆ ಜಿನುಗುತ್ತಿದೆಯೇ, ಹ್ಯಾಂಡಲ್ ತಿರುಗುವ ಬೇರಿಂಗ್ ಆದ ಕೋನ್‌ಸೆಟ್ ಸಡಿಲಾಗಿದೆಯೇ, ಚೈನ್ ಸ್ಪ್ರಾಕೆಟ್‌ನ ಹಲ್ಲು ಸವೆದು ಚೂಪಾಗಿದೆಯೇ ಎಂದು ನೋಡುತ್ತಾರೆ. ಆದ್ದರಿಂದ ಎಂಜಿನ್ನನ್ನು ಮೊದಲೇ ಬಿಸಿ ಮಾಡಿ ಇಡಬೇಡಿ; ತಣ್ಣಗಿದ್ದಾಗಲೇ ಅವರ ಎದುರಿಗೆ ಚಾಲೂ ಮಾಡಿ. ದೊಡ್ಡ ಸದ್ದಿನ ಸೈಲೆನ್ಸರ್ ಹಾಕಿಸಿದ್ದರೆ ಅದನ್ನು ತೆಗೆದು ಕಂಪನಿಯದ್ದನ್ನೇ ಜೋಡಿಸಿ. ಇಪ್ಪತ್ತರ ಹುಡುಗನಿಗೆ ಆ ಸದ್ದು ಇಷ್ಟವಾದರೂ ಹಣ ಕೊಡುವ ತಂದೆಗೆ ಅದು ಕಷ್ಟ. ಪೊಲೀಸರ ಕೈಯಲ್ಲಿ ದಂಡಕ್ಕೂ ದಾರಿ.

ಓಡಿಸಿ ನೋಡಲು ತವಂದಿ ಘಾಟಿನವರೆಗೆ ಹೋಗಿ ಬರುತ್ತೇನೆಂದು ಅನೇಕರು ಕೇಳುತ್ತಾರೆ. ಹೆದ್ದಾರಿಯ ಲಾರಿಗಳ ನಡುವೆ ಪರಿಚಯವಿಲ್ಲದ ಬೈಕಿನಲ್ಲಿ ಪರಿಚಯವಿಲ್ಲದ ಹುಡುಗನನ್ನು ಕಳುಹಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಅಕ್ಕೋಳ ರಸ್ತೆಯಲ್ಲಿ ಎರಡು ಕಿಲೋಮೀಟರ್ ಸಾಕು. ಲೈಸೆನ್ಸ್ ನೋಡಿ, ಅದರ ಫೋಟೊ ತೆಗೆದುಕೊಂಡು, ಹೆಲ್ಮೆಟ್ ಹಾಕಿಸಿ, ಅವನ ಜೊತೆಯವನನ್ನು ನಿಮ್ಮ ಬಳಿ ಕೂರಿಸಿಕೊಂಡು ಕೀಲಿ ಕೊಡಿ.

ಚೌಕಾಸಿ ಮರಾಠಿಯಲ್ಲಿ ಆರಂಭವಾಗಿ ಕನ್ನಡದಲ್ಲಿ ಮುಗಿಯಬಹುದು. ಬೆಂಗಳೂರಿನವರು ಎಡವುವುದು ಲೆಕ್ಕದ ಮಾತಿನಲ್ಲಿ: ‘ಸವ್ವಾ ಲಾಖ’ ಎಂದರೆ ಒಂದು ಲಕ್ಷ ಇಪ್ಪತ್ತೈದು ಸಾವಿರ, ‘ದೀಡ ಲಾಖ’ ಎಂದರೆ ಒಂದೂವರೆ ಲಕ್ಷ, ‘ಅಡೀಚ ಹಜಾರ’ ಎಂದರೆ ಎರಡೂವರೆ ಸಾವಿರ. ಒಪ್ಪಿಗೆಯಾದ ಮೊತ್ತವನ್ನು ಅಂಕಿಯಲ್ಲಿ ಬರೆದು ತೋರಿಸಿ. ಮುಂಗಡಕ್ಕೆ ನಾವು ಸಂಚಕಾರ ಎನ್ನುತ್ತೇವೆ, ಅವರು ವಿಸಾರ ಎನ್ನುತ್ತಾರೆ. ಅದನ್ನು ಪಡೆದ ಮೇಲೆ ಬೇರೆಯವರು ಹೆಚ್ಚು ಕೊಟ್ಟರೂ ಮಾತು ಬದಲಿಸುವುದನ್ನು ಇಲ್ಲಿ ಯಾರೂ ಮೆಚ್ಚುವುದಿಲ್ಲ.

ನನ್ನ ವಿಷಯಕ್ಕೆ ಬರುತ್ತೇನೆ. 2022ರಲ್ಲಿ ನಾನು ನನ್ನ ಬೈಕನ್ನು ಕಾಗಲದ ಆಚೆಯ ಹಳ್ಳಿಯೊಂದರ ಯುವಕನಿಗೆ ಮಾರಿದೆ. ಅವನು ನಮ್ಮ ನೆರೆಮನೆಯವರ ಬೀಗರ ಪೈಕಿ. ಆ ಭರವಸೆಯ ಮೇಲೆ ಹೆಸರು ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಖಾಲಿಯಾಗಿಯೇ ಸಹಿ ಹಾಕಿ ಕೊಟ್ಟೆ, ಎನ್‌ಒಸಿಯನ್ನು ಆಮೇಲೆ ಮಾಡಿಸೋಣವೆಂದು ಬಿಟ್ಟೆ. ಕೆಲವೇ ತಿಂಗಳಲ್ಲಿ ಅವನು ಅದನ್ನು ಸಾಂಗ್ಲಿ ಕಡೆಯ ಇನ್ನೊಬ್ಬನಿಗೆ ಮಾರಿದ್ದ. ಹೆಲ್ಮೆಟ್ ಇಲ್ಲದ್ದಕ್ಕೆ, ಮೂವರು ಕೂತದ್ದಕ್ಕೆ ದಂಡದ ಸಂದೇಶಗಳು ನನ್ನ ಫೋನಿಗೆ ಬರತೊಡಗಿದವು. ಮರುವರ್ಷ ಆ ಬೈಕು ಸೈಕಲ್ ಮೇಲೆ ಹೋಗುತ್ತಿದ್ದ ಹಿರಿಯರೊಬ್ಬರಿಗೆ ಬಡಿಯಿತು. ಪೊಲೀಸರು ಕರೆ ಮಾಡಿದ್ದು ನನಗೆ. ಆ ಹಿರಿಯರ ಕಾಲಿಗೆ ಪೆಟ್ಟಾಗಿತ್ತು ಎಂದು ಕೇಳಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. 2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ ಪರಿಹಾರ ಕೊಡುವ ವಿಮೆ, ಕಡ್ಡಾಯವಾಗಿದ್ದು, ನನ್ನದು ಇನ್ನೂ ಜಾರಿಯಲ್ಲಿದ್ದುದರಿಂದ ಅವರಿಗೆ ಪರಿಹಾರದ ದಾರಿಯಿತ್ತು, ನಾನೂ ಉಳಿದೆ. ವಿಮೆ ಮುಗಿದಿದ್ದರೆ ಹೊಣೆ ನನ್ನ ಮೇಲೆಯೇ ಬರುತ್ತಿತ್ತು. ಗಾಡಿ ಎಷ್ಟು ಕೈ ಬದಲಾಗಿದ್ದರೂ ನೋಂದಣಿಯಲ್ಲಿ ಹೆಸರಿರುವವನೇ ಪರಿಹಾರಕ್ಕೆ ಬಾಧ್ಯನೆಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಆದ್ದರಿಂದ ಆಚೆಯವರಿಗೆ ಕೊಡುವುದಾದರೆ ಎನ್‌ಒಸಿಗಾಗಿ ನಮೂನೆ 28ರ ಅರ್ಜಿಯನ್ನು ಈಗಲೇ ಹಾಕಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ನಮೂನೆ 35ರಿಂದ ಅದನ್ನು ಮೊದಲು ತೆಗೆಸಿ, ಬಾಕಿ ದಂಡಗಳನ್ನು ಕಟ್ಟಿ, ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ತೆಗೆದ ಅಚ್ಚನ್ನು ಸಿದ್ಧವಾಗಿಡಿ. ಮಾರಾಟವನ್ನು ನಿಮ್ಮ ಆರ್‌ಟಿಒಗೆ ತಿಳಿಸಲು ರಾಜ್ಯದೊಳಗಾದರೆ 14 ದಿನ, ಹೊರಗಾದರೆ 45 ದಿನಗಳ ಅವಧಿಯಿದೆ. ಖಾಲಿ ನಮೂನೆಗೆ ಸಹಿ ಹಾಕಬೇಡಿ. ‘ಎಲ್ಲರೂ ಹಾಗೇ ಮಾಡುತ್ತಾರೆ’ ಎಂದು ಏಜೆಂಟನು ಹೇಳುವುದು ನಿಜ, ಆದರೆ ಪೊಲೀಸ್ ಠಾಣೆಗೆ ಹೋಗಬೇಕಾದವರು ನೀವು. ಹೆಸರು ಬದಲಾಗುವವರೆಗೆ ಐದು ಸಾವಿರ ರೂಪಾಯಿಯಷ್ಟನ್ನು ತಡೆದಿಟ್ಟುಕೊಂಡು, ಹೊಸ ಆರ್‌ಸಿಯ ಪ್ರತಿ ತೋರಿಸಿದಾಗ ಮರಳಿಸುವ ಒಪ್ಪಂದವನ್ನು ಈಗ ಇಲ್ಲಿ ಕೆಲವರು ಮಾಡಿಕೊಳ್ಳುತ್ತಿದ್ದಾರೆ. ನಾನೂ ಅದನ್ನೇ ಸೂಚಿಸುತ್ತೇನೆ, ಒಳ್ಳೆಯ ಗಿರಾಕಿ ಬೇಸರಪಡುವುದಿಲ್ಲ.

ಕ್ಲೇಮು ಮಾಡದೆ ವಿಮೆಯಲ್ಲಿ ನೀವು ಗಳಿಸಿದ ರಿಯಾಯಿತಿ ನಿಮ್ಮದು, ಗಾಡಿಯದ್ದಲ್ಲ. ಅದರ ಪತ್ರವನ್ನು ವಿಮಾ ಕಂಪನಿಯಿಂದ ಪಡೆದರೆ ಮುಂದಿನ ಗಾಡಿಗೆ ಬಳಸಬಹುದು. ಹಣವನ್ನು ಖಾತೆಗೇ ಹಾಕಿಸಿಕೊಳ್ಳಿ. ಯುಪಿಐನಲ್ಲಿ ಸಾಮಾನ್ಯವಾಗಿ ದಿನಕ್ಕೆ ಒಂದು ಲಕ್ಷದ ಮಿತಿ ಇರುವುದರಿಂದ ಅದಕ್ಕಿಂತ ಹೆಚ್ಚಿದ್ದರೆ ಬ್ಯಾಂಕಿನಿಂದಲೇ ವರ್ಗಾಯಿಸಲು ಹೇಳಿ, ಜಮೆಯಾದದ್ದನ್ನು ಅವನ ಫೋನಿನಲ್ಲಲ್ಲ, ನಿಮ್ಮ ಖಾತೆಯಲ್ಲಿ ನೋಡಿ. ಕೊನೆಯಲ್ಲಿ ಡೆಲಿವರಿ ನೋಟ್ ಬರೆಯಿರಿ: ಇಬ್ಬರ ಹೆಸರು, ವಿಳಾಸ, ಎಂಜಿನ್ ಮತ್ತು ಚಾಸಿಸ್ ನಂಬರು, ಮೀಟರಿನಲ್ಲಿರುವ ಕಿಲೋಮೀಟರು, ದಿನಾಂಕ, ಕೀಲಿ ಕೊಟ್ಟ ಗಂಟೆ ಮತ್ತು ನಿಮಿಷ. ಕನ್ನಡದಲ್ಲೂ ಮರಾಠಿಯಲ್ಲೂ ಒಂದೊಂದು ಪ್ರತಿ ಇರಲಿ, ಎರಡಕ್ಕೂ ಇಬ್ಬರೂ ಸಹಿ ಹಾಕಿ. ಮರಾಠಿ ಪ್ರತಿ ಬರೆಯಲು ಯಾರೂ ಸಿಗದಿದ್ದರೆ ನನಗೆ ತಿಳಿಸಿ, ಬಂದು ಬರೆದುಕೊಡುತ್ತೇನೆ.